ಚಾಲು ಎಂದರೆ ಸಾಕು

ನಮ್ಮ ಹೆಡ್ಮಾಸ್ತರರನ್ನು ಕಂಡರೆ ಕರೆಂಟಿಗೆ ಭಯವಿತ್ತು. ಅವರಿಗೆ ಕರೆಂಟು ಕಂಡರೆ ಭಯ ಎಂದು ತಿದ್ದಿ ಓದಿಕೊಳ್ಳಬೇಡಿ. ಅದೂ ನಿಜವೇ, ಆದರೆ ನಾನು ಹೇಳುತ್ತಿರುವುದು ಬೇರೆ! ಅವರು ಕುರ್ಚಿಯಿಂದ ಎದ್ದು, ಧೋತರದ ಚುಂಗು ಸರಿಮಾಡಿಕೊಂಡು, ಶಾಲೆಯ ಟೀವಿಯ ಕಡೆಗೆ ಎರಡು ಹೆಜ್ಜೆ ಇಟ್ಟರೆ ಬಂಗಾರಪೇಟೆಯಿಂದ ಈಚೆಗಿನ ಊರುಗಳಲ್ಲೆಲ್ಲ ಫ್ಯಾನುಗಳು ನಿಂತುಹೋಗುತ್ತಿದ್ದವು. ಎದುರಿನ ರಾಗಿ ಮಿಷನ್ನಿನವನು ಅರ್ಧ ಬೀಸಿದ ಹಿಟ್ಟನ್ನು ಬಿಟ್ಟು ಬೀದಿಗೆ ಬಂದು ಕೂಗುತ್ತಿದ್ದ: "ಎದ್ದ್‌ಬುಟ್ರಾ ನಿಮ್ಮ ಎಡ್‌ಮೇಷ್ಟ್ರು? ಒಸಿ ಕೂರ್ಸಿ ಅವರನ್ನ!"

ಒಂದೇ ಒಂದು ಸಲ ಕರೆಂಟು ಅವರಿಗೆ ಹೆದರಲಿಲ್ಲ. ಈಗ ಮನೆಮನೆಗೂ ಕೇಬಲ್ ಬಂದಿದೆ, ಆಂಟೆನಾಗಳು ತಾರಸಿಯ ಮೇಲೆ ಕಾಗೆ ಕೂರುವುದಕ್ಕಷ್ಟೇ ಉಳಿದಿವೆ. ಆದರೂ ಯಾರಾದರೂ ಕೊಳವೆಯೊಂದನ್ನು ಎತ್ತಿ ನಿಲ್ಲಿಸುವುದನ್ನು ಕಂಡರೆ ನನ್ನ ಕಣ್ಣು ಮೊದಲು ಹುಡುಕುವುದು ಹತ್ತಿರದ ವಿದ್ಯುತ್ ತಂತಿಯನ್ನು. ಆ ಮಧ್ಯಾಹ್ನದ ಕತೆಯನ್ನು ನಗುತ್ತಲೇ ಹೇಳಬೇಕೆಂದು ಕೂತಿದ್ದೇನೆ. ನಡುವೆ ನಗು ನಿಂತರೆ ನೀವೇ ಮುಂದುವರಿಸಿಕೊಳ್ಳಿ.

ಎಂಬತ್ತರ ದಶಕದ ಕೊನೆಯ ಮಾತು. ನಾನು ಬಿಎಸ್ಸಿ, ಬಿಎಡ್ ಮುಗಿಸಿ ಹೊಸದಾಗಿ ಮೇಷ್ಟ್ರಾಗಿದ್ದೆ. ಮನೆ ಆಂಡರ್ಸನ್‌ಪೇಟೆಯಲ್ಲಿ, ಶಾಲೆ ಬಂಗಾರಪೇಟೆಯ ದಾರಿಯ ಒಂದು ಹಳ್ಳಿಯಲ್ಲಿ. ಮಾರಿಕುಪ್ಪಂನಿಂದ ಬರುವ ರೈಲು ಹಿಡಿದರೆ ಪ್ರಾರ್ಥನೆಯ ಹೊತ್ತಿಗೆ ಮುಟ್ಟುತ್ತಿದ್ದೆ. ಹೆಡ್ಮಾಸ್ತರರು ಬಡ್ತಿಯ ಮೇಲೆ ಗದಗದ ಕಡೆಯಿಂದ ವರ್ಗವಾಗಿ ಬಂದಿದ್ದರು. ಒಂಟಿ ಜೀವ. ತಲೆಗೆ ಬಿಳಿ ಟೊಪ್ಪಿಗೆ, ಹಳ್ಳಿಯಲ್ಲೇ ಒಂದು ಬಾಡಿಗೆ ಕೋಣೆ. ನಮ್ಮ ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಕನ್ನಡ, ತೆಲುಗು, ತಮಿಳು ಮೂರೂ ಕೂತು ಜಗಳವಾಡುತ್ತಿದ್ದವು. ಅಂಥಲ್ಲಿಗೆ ಇವರು ನಾಲ್ಕನೆಯ ಭಾಷೆಯೊಂದನ್ನು ತಂದರು. ಅದಕ್ಕೂ ಕನ್ನಡ ಎಂದೇ ಹೆಸರು!

ಮೊದಲ ದಿನವೇ ಎಡವಟ್ಟಾಯಿತು. ಆಯಾ ಮುನೆಮ್ಮ ಪ್ರಾರ್ಥನೆಯ ಗಂಟೆ ಬಾರಿಸಲು ಕೈಯೆತ್ತಿ ಇವರ ಮುಖ ನೋಡಿದಳು. ಇವರು ಗತ್ತಿನಿಂದ, "ಹೂಂ, ಚಾಲೂ!" ಎಂದರು. ಆಕೆ ಸುತ್ತಿಗೆ ಇಳಿಸಿದಳು.

"ಚಾಲೂ ಅಂದ್ನೆಲ್ಲಾ!"

"ಅದಕ್ಕೇ ಬುಟ್ಟೆ ಸಾರ್."

"ಬಿಡಬ್ಯಾಡ, ಚಾಲೂ!"

"ಇನ್ನೂ ಬಾರ್ಸೇ ಇಲ್ಲ ಸಾರ್, ಇನ್ನೆಷ್ಟು ಬುಡ್ಲಿ?"

ಮುನೆಮ್ಮನ ಮನೆಮಾತು ತೆಲುಗು. ತೆಲುಗಿನಲ್ಲಿ 'ಚಾಲು' ಎಂದರೆ ಸಾಕು, ನಿಲ್ಲಿಸು. ಹೆಡ್ಮಾಸ್ತರರ ಸೀಮೆಯಲ್ಲಿ 'ಚಾಲೂ' ಎಂದರೆ ಶುರು, ನಡೆಯಲಿ. ನಾನು ಮಧ್ಯೆ ಹೋಗಿ ಬಿಡಿಸಿ ಹೇಳಿದೆ. ಅವರು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು. "ಏನ್ ಊರ್ರೀ ಇದು! ನಿಲ್ಲು ಅಂದ್ರ ಓಡು, ಓಡು ಅಂದ್ರ ನಿಲ್ಲು! ಇಲ್ಲಿ ಮಂದಿ ಒಬ್ರಿಗೊಬ್ರು ಡಿಕ್ಕಿ ಹೊಡೀಲಾರದ ಹೆಂಗ್ ಬದುಕ್ಯಾರ್ರೀ?" ಅವತ್ತಿನಿಂದ ಶಾಲೆಯೊಳಗೆ ಆ ಪದಕ್ಕೆ ಬಹಿಷ್ಕಾರ ಬಿತ್ತು. ನಿಲ್ಲಿಸಲು 'ಸಾಕು', ಶುರುಮಾಡಲು 'ಹಚ್ಚು'. ಒಪ್ಪಂದ ಭದ್ರವಾಗಿದೆ ಎಂದೇ ನಾವೆಲ್ಲ ನಂಬಿದ್ದೆವು.

ಆಮೇಲೆ ಟೀವಿ ಬಂತು. ಇಲಾಖೆಯಿಂದ ಬಂದ ಬಣ್ಣದ ಟೀವಿ! ಅದರಲ್ಲಿ ಮಕ್ಕಳಿಗೆ ಪಾಠ ಬರುತ್ತದಂತೆ. ಬಂಗಾರಪೇಟೆಯಿಂದ ಆಟೋದಲ್ಲಿ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು, ಹಳ್ಳ ಬಂದಾಗಲೆಲ್ಲ ಎತ್ತಿ ಹಿಡಿದು, ಹೆಡ್ಮಾಸ್ತರರೇ ತಂದರು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ, "ಇವ್ರು ಹೊಸಾ ಮಾಸ್ತರು. ನಮಸ್ಕಾರ ಮಾಡ್ರಿ" ಎಂದರು. ಮಕ್ಕಳು ಮಾಡಿದರು. ಹೊಸ ಮೇಷ್ಟ್ರು ಉತ್ತರ ಕೊಡಲಿಲ್ಲ, ಕರೆಂಟಿರಲಿಲ್ಲ.

ಟೀವಿಗೆ ಒಂದು ಕಬ್ಬಿಣದ ಕಪಾಟು. ಅದರ ಬೀಗದ ಕೈ ಹೆಡ್ಮಾಸ್ತರರ ಉಡಿದಾರದಲ್ಲಿ. ದಾರ ಗಿಡ್ಡ, ಹೊಟ್ಟೆ ದೊಡ್ಡದು. ಹಾಗಾಗಿ ಪಾಠದ ಹೊತ್ತಿಗೆ ಅವರು ಕಪಾಟನ್ನು ತಬ್ಬಿ ನಿಂತು, ಉಸಿರೆಳೆದುಕೊಂಡು ಬೀಗ ತೆಗೆಯಬೇಕು. ಒಳಗಿನ ಸ್ವಿಚ್ಚು ಒತ್ತುವಾಗ ಕೈಗೆ ಹವಾಯಿ ಚಪ್ಪಲಿ ತೊಡುತ್ತಿದ್ದರು, ಶಾಕ್ ಹೊಡೆಯಬಾರದೆಂದು! ಟೀವಿಯಿಂದ ಬಹಳ ದೂರಕ್ಕೆ ನೆಲದ ಮೇಲೆ ಸುಣ್ಣದ ಗೆರೆ ಎಳೆದಿದ್ದರು. ಗೆರೆ ದಾಟಿದ ಮಗು ಅವತ್ತಿಡೀ ಕಿಟಕಿಯಾಚೆಯಿಂದ ಪಾಠ ಕೇಳಬೇಕು. ನಾನು ಭೌತಶಾಸ್ತ್ರ ಓದಿದವನು ಎಂಬ ಧೈರ್ಯದ ಮೇಲೆ ಹೇಳಿದೆ: "ಸಾರ್, ಇಷ್ಟು ದೂರ ಬೇಕಾಗಿಲ್ಲ. ಮಕ್ಕಳಿಗೆ ಕಾಣುವುದೇ ಇಲ್ಲ."

"ಕಾಣ್ಸದಿದ್ರ ಕೇಳಿಸ್ತೈತಿ. ಕೇಳಿಸದಿದ್ರ ನೀವು ಹೇಳಿ ಕೊಡ್ರಿ. ಪಗಾರ ಯಾಕ ತಗೋತೀರಿ?"

ಒಂದು ದಿನ ಹತ್ತಿರದ ಚಿನ್ನದ ಗಣಿಯೊಳಗೆ ಎಲ್ಲೋ ಬಂಡೆ ಸಿಡಿದು ನೆಲ ನಡುಗಿತು. ನಮಗೆ ಅದು ಹುಟ್ಟಿದಾರಭ್ಯದ ಅಭ್ಯಾಸ. ಮಕ್ಕಳು ಮಗ್ಗಿ ನಿಲ್ಲಿಸಲಿಲ್ಲ, ಮುನೆಮ್ಮ ಸೋಸುತ್ತಿದ್ದ ಟೀ ಇಳಿಸಲಿಲ್ಲ. ಹೆಡ್ಮಾಸ್ತರರು ಮಾತ್ರ ಓಡಿ ಹೋಗಿ ಟೀವಿಯನ್ನು ಎರಡೂ ತೋಳಿನಿಂದ ಬಾಚಿ ಹಿಡಿದು, "ನಾನೇನೂ ಮುಟ್ಟಿಲ್ರೀ! ಅದs ಸಿಡೀತು!" ಎಂದು ಕೂಗಿದರು.

ಇಷ್ಟೆಲ್ಲ ಮಾಡಿ ಬಂದ ಪಾಠವಾದರೂ ಯಾವುದು? ನಮ್ಮ ಶಾಲೆಯ ಪಶ್ಚಿಮಕ್ಕೆ ಗುಡ್ಡ. ಆಂಟೆನಾವನ್ನು ಆ ಕಡೆ, ಬೆಂಗಳೂರಿಗೆ ತಿರುಗಿಸಿದರೆ ಪರದೆಯ ತುಂಬ ಹುರಿದ ರಾಗಿ ಸಿಡಿದಂತೆ ಚುಕ್ಕೆಗಳು. ಪೂರ್ವಕ್ಕೆ ತಿರುಗಿಸಿದರೆ ಮದ್ರಾಸಿನ ಚಿತ್ರ ಮಸುಕಾಗಿಯಾದರೂ ಬರುತ್ತಿತ್ತು. ಮೊದಲ ಬಾರಿ ಬಂದಾಗ ಹೆಡ್ಮಾಸ್ತರರು ಗೆರೆಯ ಹಿಂದೆ ಕೈಕಟ್ಟಿ ಕೂತು ಪೂರ್ತಿ ಪಾಠ ಕೇಳಿದರು. ಕೊನೆಗೆ ನನ್ನ ಕಿವಿಯಲ್ಲಿ ಕೇಳಿದರು: "ಇದು ಯಾವ ಜಿಲ್ಲಾದ ಕನ್ನಡರೀ?"

ಮಕ್ಕಳಿಗೆ ಮಜವೋ ಮಜ. ತಮಿಳು ಬಲ್ಲವರು ಬಾರದವರಿಗೆ ಅರ್ಥ ಹೇಳುತ್ತ, ಇಲ್ಲದ್ದನ್ನೂ ಸೇರಿಸುತ್ತ ಪಾಠ ಸಾಗಿತ್ತು. ಅಷ್ಟರಲ್ಲಿ ಮೇಲಿನಿಂದ ಸುದ್ದಿ ಬಂತು. ಸೋಮವಾರ ಸಾಹೇಬರು ಬರುತ್ತಾರೆ. ಮಕ್ಕಳು ಕನ್ನಡದ ಪಾಠ ನೋಡುತ್ತಿರುವುದನ್ನು ತೋರಿಸಬೇಕು. ಇಲ್ಲವಾದರೆ ಟೀವಿ ಬೇರೆ ಶಾಲೆಗೆ ಹೋಗುತ್ತದೆ. ಹೆಡ್ಮಾಸ್ತರರು ಆ ದಿನ ಊಟ ಮಾಡಲಿಲ್ಲ. "ಕೊಟ್ಟ ಮಾಸ್ತರನ್ನ ವಾಪಸ್ ಕಳಿಸಿದ ಸಾಲಿ ಅಂತ ಹೆಸರಾಗ್ತೈತ್ರೀ" ಎಂದರು. ಶನಿವಾರ ನೀರಿನ ಕೊಳವೆಯ ಇನ್ನೊಂದು ತುಂಡು ತರಿಸಿ ಆಂಟೆನಾದ ಕಂಬಕ್ಕೆ ಸೇರಿಸಿದರು. ಗುಡ್ಡವನ್ನು ಮೀರುವಷ್ಟು ಎತ್ತರ ಬೇಕಲ್ಲ!

ಆ ಎತ್ತರವೇ ನನ್ನ ಎದೆಯಲ್ಲಿ ಇವತ್ತಿಗೂ ನಿಂತಿರುವುದು. ಏಕೆಂದರೆ ಪಶ್ಚಿಮದ ಗೋಡೆಯ ಪಕ್ಕದಲ್ಲೇ ಹೈಟೆನ್ಷನ್ ತಂತಿ ಹಾದುಹೋಗಿತ್ತು.

"ಸಾರ್, ನಾನು ಹತ್ತುತ್ತೇನೆ" ಎಂದೆ.

"ನಿಮಗ ಇನ್ನೂ ಲಗ್ನ ಆಗಿಲ್ಲ. ನೀವು ಬಿದ್ರ, ನಿಮ್ಮ ಮಾವ ಯಾರಂತ ಗೊತ್ತಾಗೂಕಿಂತ ಮೊದಲs ಅವ್ರಿಗೆ ಲುಕ್ಸಾನು."

"ಲೈನ್‌ಮನ್ನನ್ನು ಕರೆಸೋಣ. ಲೈನ್ ಆಫ್ ಮಾಡಿಸಲಿ."

"ನಾ ಎದ್ದು ನಿಂತ್ರ ಕರೆಂಟ್ ತಾನs ಹೋಗ್ತೈತಿ. ಊರಿಗೆಲ್ಲಾ ಗೊತ್ತೈತಿ!"

ಎಲ್ಲರೂ ನಕ್ಕೆವು. ನಾನೂ ನಕ್ಕೆ. ಏಣಿ ಹತ್ತುವ ಮೊದಲು ಅವರು ಚಪ್ಪಲಿ ಬಿಟ್ಟರು. ತಾರಸಿಯ ಕೆಳಗೆ ಸರಸ್ವತಿಯ ಪಟವಿದೆ, ಅವಳ ತಲೆಯ ಮೇಲೆ ಚಪ್ಪಲಿ ಕಾಲಿಡುವುದುಂಟೇ? ಸ್ವಿಚ್ಚಿಗೆ ಕೈಗೂ ಚಪ್ಪಲಿ ತೊಡುವ ಮನುಷ್ಯ ಬರಿಗಾಲಲ್ಲಿ ಕೊಳವೆ ಹಿಡಿದು ನಿಂತರು.

ಮಕ್ಕಳು ಟೀವಿಯ ಮುಂದೆ, ಗೆರೆಯ ಹಿಂದೆ. ನಾನು ಬಾಗಿಲಲ್ಲಿ. ಮುನೆಮ್ಮ ಅಂಗಳದಲ್ಲಿ. ಮೇಲಿನಿಂದ "ಬಂತೇನ್ರೀ?" ಎಂಬ ಕೂಗು, ಒಳಗಿನಿಂದ "ಇಲ್ಲಾ ಸಾರ್!" ಎಂಬ ಉತ್ತರ. ತಿರುಗಿಸಿದರು. "ಬಂತೇನ್ರೀ?" "ಚುಕ್ಕೀ ಸಾರ್!" ಇನ್ನೂ ತಿರುಗಿಸಿದರು. ಕೊಳವೆಯನ್ನು ಎದೆಗೆ ಅಪ್ಪಿ, ಪಶ್ಚಿಮದ ಅಂಚಿಗೆ ಸರಿದರು. ಒಳಗೆ ಮಕ್ಕಳು ಒಮ್ಮೆಲೇ ಕಿರುಚಿದರು. "ಮುಖ ಬಂತು! ಕನ್ನಡ ಬಂತು!"

ಅದೇ ಹೊತ್ತಿಗೆ ಅಂಗಳದಿಂದ ಮುನೆಮ್ಮ: "ಚಾಲು ಸಾರ್! ಚಾಲು, ಚಾಲು!"

ನಾನು ಹೊರಗೆ ಓಡಿ ತಲೆಯೆತ್ತಿದೆ. ಜೋಡಿಸಿದ ಕೊಳವೆ ತನ್ನ ಭಾರಕ್ಕೆ ತಾನೇ ಬಾಗಿ, ಆಂಟೆನಾದ ತುದಿ ತಂತಿಯ ಕಡೆಗೆ ತೊನೆಯುತ್ತಿತ್ತು. ನಡುವಿನ ಆಕಾಶ ಒಂದು ಮೊಳವೂ ಇರಲಿಲ್ಲ.

ಹೆಡ್ಮಾಸ್ತರರ ಮುಖ ಅರಳಿತು. "ಚಾಲೂ ಆತೇನ? ಭೇಷ್!" ಎಂದು ಇನ್ನಷ್ಟು ತಳ್ಳಿದರು.

ಒಪ್ಪಂದ ಎಲ್ಲಿ ಹೋಯಿತು? ಜೀವ ಬಾಯಿಗೆ ಬಂದಾಗ ಯಾರು ತಾನೇ ಒಪ್ಪಂದದ ಭಾಷೆಯಲ್ಲಿ ಕೂಗುತ್ತಾರೆ? ಆಕೆ ಅವ್ವನ ಮಾತಿನಲ್ಲಿ ಕೂಗಿದಳು, ಇವರು ತಮ್ಮ ಅವ್ವನ ಮಾತಿನಲ್ಲಿ ಕೇಳಿಸಿಕೊಂಡರು. ನಾನು "ಸಾಕು" ಎಂದೆನೆಂದುಕೊಂಡೆ. ಬಾಯಿ ತೆರೆದಿತ್ತಷ್ಟೇ, ದನಿ ಬರಲಿಲ್ಲವೆಂದು ಮುನೆಮ್ಮ ಆಮೇಲೆ ಹೇಳಿದಳು.

"ವದ್ದು ಸಾರ್! ವದ್ದೂ!" ಎಂದಳು ಆಕೆ, ಎದೆ ಬಡಿದುಕೊಳ್ಳುತ್ತ. ಬೇಡ, ಬೇಡ ಎಂದು ಅದರ ಅರ್ಥ.

"ಒದ್ದು? ಏನ ಒದೀಲಿ? ಬುಡಕ್ಕೇನು?" ಎಂದವರೇ, ದೇವರೇ, ಕೊಳವೆಯ ಬುಡಕ್ಕೆ ಬರಿಗಾಲಲ್ಲಿ ಒಂದು ಒದೆ ಕೊಟ್ಟರು! ಆಂಟೆನಾ ಅತ್ತ ಹೋಯಿತು, ಇತ್ತ ಬಂತು, ಮತ್ತೆ ಅತ್ತ ಹೊರಟಿತು. ಆ ಎರಡನೆಯ ಹೊರಡುವಿಕೆಯನ್ನು ನಾನು ಎಷ್ಟು ಸಲ ಕನಸಿನಲ್ಲಿ ಕಂಡಿದ್ದೇನೋ. ಕನಸಿನಲ್ಲಿ ಅದು ಯಾವಾಗಲೂ ನಿಧಾನ.

ಅವತ್ತು ಕರೆಂಟು ಹೋಗಲೇ ಇಲ್ಲ. ರಾಗಿ ಮಿಷನ್ನು ಓಡುತ್ತಲೇ ಇತ್ತು.

ಆಗ ಮುನೆಮ್ಮನ ಗಂಟಲಿನಿಂದ ಬೇರೆಯದೇ ಒಂದು ದನಿ ಹೊರಟಿತು. ಹೆಡ್ಮಾಸ್ತರರು ಇಲ್ಲದಾಗ ಅವರ ಮಾತಿನ ಧಾಟಿಯನ್ನು ಅಣಕಿಸಿ ನಮ್ಮನ್ನು ನಗಿಸುವುದರಲ್ಲಿ ಆಕೆ ಎತ್ತಿದ ಕೈ. ಮಕ್ಕಳು ಮರ ಹತ್ತಿದರೆ ಅವರು ಹೇಗೆ ಗದರುತ್ತಿದ್ದರೋ, ಅದೇ ರಾಗ, ಅದೇ ಎಳೆತ:

"ಏ ತಮ್ಮಾ! ಸಾಕೋ! ಕೈ ಬಿಡೋ! ಬಿಟ್ಟು ಈಚೀಗೆ ಬಾರೋ ತಮ್ಮಾ!"

ಹೆಡ್ಮಾಸ್ತರರ ಎರಡೂ ಕೈ ಒಮ್ಮೆಲೇ ತೆರೆದುಕೊಂಡವು. ಅವರು ಒಂದು ಹೆಜ್ಜೆ ಹಿಂದೆ ಬಂದರು, ತಿರುಗಿ ನೋಡಿದರು. ಕೊಳವೆ ಒಂಟಿಯಾಗಿ ವಾಲಿತು. ನೀಲಿ ಬೆಳಕು ಚಿಮ್ಮಿತು, ಬಂಡೆ ಸಿಡಿದಂಥ ಸದ್ದಾಯಿತು, ತಂತಿಯಿಂದ ಕಿಡಿಗಳು ಅಂಗಳಕ್ಕೆ ಉದುರಿದವು. ಒಳಗೆ ಟೀವಿ ಟಪ್ಪೆಂದಿತು. ಗೆರೆಯ ಹಿಂದೆ ಕೂತಿದ್ದ ಮಕ್ಕಳು ಅಷ್ಟೂ ಜನ, ಒಂದು ಗೀರೂ ಇಲ್ಲದೆ, ಹೊಗೆಯ ಮುಂದೆ ಓಡಿ ಹೊರಗೆ ಬಂದರು. ರಾಗಿ ಮಿಷನ್ನು ನಿಂತಿತು.

ಸೋಮವಾರ ಬಂದ ಸಾಹೇಬರು ಕರಿಕಾದ ಪೆಟ್ಟಿಗೆಯನ್ನು ನೋಡಿ ಏನೆಂದರು, ಹೆಡ್ಮಾಸ್ತರರು ಅದನ್ನು "ಸೇವೆಯಲ್ಲಿದ್ದಾಗಲೇ ತೀರಿಕೊಂಡ ಮಾಸ್ತರು" ಎಂದು ಹೇಗೆ ಸಮರ್ಥಿಸಿದರು, ಅದನ್ನೆಲ್ಲ ಸ್ಟಾಫ್ ರೂಮಿನಲ್ಲಿ ನಕ್ಕು ಮುಗಿಸಿದ್ದೇವೆ. ನಕ್ಕು ಮುಗಿಯದೆ ಉಳಿದದ್ದು ಶನಿವಾರದ ಆ ಅರ್ಧ ಗಂಟೆ.

ಅವರನ್ನು ಏಣಿಯಿಂದ ಹೆಚ್ಚು ಕಡಿಮೆ ಹೊತ್ತೇ ಇಳಿಸಬೇಕಾಯಿತು. ಬಿಸಿಲು ಬಿದ್ದಿದ್ದ ವರಾಂಡದ ಕಟ್ಟೆಯ ಮೇಲೆ ಕೂರಿಸಿದೆ. ಟೊಪ್ಪಿಗೆ ಎಲ್ಲೋ ಬಿದ್ದಿತ್ತು. ಬೋಳುತಲೆಯಲ್ಲಿ ಅವರು ಬೇರೆ ಯಾರೋ ಎನ್ನುವಂತೆ, ತೀರಾ ಚಿಕ್ಕವರಂತೆ ಕಂಡರು.

"ಮಕ್ಕಳು?" ಎಂದರು.

"ಎಲ್ಲಾ ಬೇಲಿ ತಾವ ಅವ್ರೆ ಸಾರ್" ಎಂದಳು ಮುನೆಮ್ಮ. ನೀರಿನ ಲೋಟ ಕೊಟ್ಟವಳು ಮುಖ ಎತ್ತಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಳು. "ತಪ್ಪಾಯ್ತು ಸಾರ್. ಎಡ್‌ಮೇಷ್ಟ್ರನ್ನ ಬಾರೋ ಗೀರೋ ಅಂದ್ಬುಟ್ಟೆ. ಮಕ್ಕಳೆಲ್ಲ ಕೇಳುಸ್ಕೊಂಡ್ರು. ದಿಗಿಲ್ನಾಗೆ ಬಾಯಿ ಎಂಗ್ ಓಯ್ತೋ."

ಅವರು ನೀರು ಕುಡಿಯಲಿಲ್ಲ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಅದರೊಳಗೇ ನೋಡುತ್ತಿದ್ದರು.

"ನಮ್ಮವ್ವ ಕರದ್ಲು ಅನ್ಕೊಂಡೆ" ಎಂದರು. "ಹಿತ್ತಲದಾಗ ನಿಂತು ಹಂಗs ಕರೀತಿದ್ಲು. ಹೋದ ವರ್ಷ ತೀರಿಕೊಂಡ್ಲು. ಅದಾದ ಮ್ಯಾಲೆ ಎಲ್ಲಾರೂ ಸಾರ್, ಸಾಹೇಬ್ರ ಅಂತಾರ. ಬಾರೋ ಅನ್ನೂವ್ರು ಯಾರೂ ಉಳಿದಿಲ್ಲ ನೋಡು ಮುನೆಮ್ಮ."

ಅವರು ತಲೆಯೆತ್ತಿದರು.

"ಇನ್ನೊಮ್ಮೆ ಅನ್ನು."

ಮುನೆಮ್ಮ ನನ್ನ ಕಡೆ ನೋಡಿದಳು, ಮಕ್ಕಳ ಕಡೆ ನೋಡಿದಳು, ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ಅಣಕದ ಸುಳಿವೂ ಇಲ್ಲದ, ತನ್ನದೇ ದನಿಯಲ್ಲಿ ಹೇಳಿದಳು:

"ಬಾರೋ ತಮ್ಮಾ. ಒಳಕ್ಕೆ ಬಾ. ಬಿಸ್ಲಾಗೆ ಕುಂತಿದ್ದೀಯ."