ಗೇರಿನ ಕರೆಯೂ ನನ್ನ ಭಾಷಣವೂ

ಒಮ್ಮೆಯಾದರೂ ವೇದಿಕೆ ಹತ್ತಿ ನಾಲ್ಕು ಮಾತಾಡಬೇಕು ಎಂಬ ಆಸೆ ಯಾರಿಗಿಲ್ಲ? ನನಗೂ ಇತ್ತು. ಆದರೆ ಮೂಡುಬಿದಿರೆಯಲ್ಲಿ ಬಟ್ಟೆ ಒಗೆದು ಇಸ್ತ್ರಿ ಹಾಕಿ ಕೊಡುವವನನ್ನು ವೇದಿಕೆಗೆ ಕರೆಯುವವರು ಯಾರು? ಭಾಷಣಕಾರರ ಜುಬ್ಬಗಳೆಲ್ಲ ನನ್ನ ಕೈ ದಾಟಿಯೇ ಸಭೆಗೆ ಹೋಗುತ್ತವೆ. ನಾನು ಮಾತ್ರ ಅಂಗಡಿಯಲ್ಲೇ ಉಳಿಯುತ್ತೇನೆ.

ಈ ಅನ್ಯಾಯ ಸರಿಯಾದದ್ದು ನನ್ನ ಅಂಗಡಿಯ ಬೋರ್ಡಿನಿಂದ. ಬಟ್ಟೆಗೆ ಹತ್ತಿದ ಕೊಳೆಗೆ ನಾವು ಮನೆಯಲ್ಲಿ ತುಳುವಿನಲ್ಲಿ ‘ಕರೆ’ ಎನ್ನುತ್ತೇವೆ. ಬೋರ್ಡು ಬರೆಯಲು ಬಂದವನು ಸ್ವಲ್ಪ ಓದಿದವನು. “ಸದಾನಂದಣ್ಣ, ಬೋರ್ಡಿಗೆ ಶುದ್ಧ ಕನ್ನಡ ಬೇಕು, ಕಲೆ ಅಂತಲೇ ಬರೆಯುವ” ಎಂದ. ಸರಿ, ಬರೆದ: ‘ಬಟ್ಟೆಯ ಮೇಲಿನ ಎಲ್ಲ ಬಗೆಯ ಕಲೆ ತೆಗೆಯಲಾಗುವುದು.’ ಕೆಳಗೆ ನನ್ನ ಹೆಸರು, ಫೋನ್ ನಂಬರು. ಪಕ್ಕದ ಹಣ್ಣಿನ ಅಂಗಡಿಯವರು ಕೊನೆಯ ಶಬ್ದದ ಎದುರಿಗೇ ದಿನಾ ಒಂದು ನೇಂದ್ರ ಬಾಳೆಗೊನೆ ತೂಗಿಸುತ್ತಾರೆ. ಉಳಿದದ್ದನ್ನು ನೀವೇ ಓದಿಕೊಳ್ಳಿ. ಬಸ್ಸಿನಲ್ಲಿ ಹೋಗುತ್ತಿದ್ದ ಒಬ್ಬ ಮಹನೀಯರು ಹಾಗೆಯೇ ಓದಿಕೊಂಡರಂತೆ! ಇದೆಲ್ಲ ನನಗೆ ತಿಳಿದದ್ದು ಆಗಬಾರದ್ದೆಲ್ಲ ಆದ ಮೇಲೆ.

ಫೋನ್ ಮಾಡಿದವರು ಕಡಲ ಬದಿಯ ಒಂದು ಪಟ್ಟಣದ ದೃಶ್ಯಕಲಾ ಉತ್ಸವದ ಸಂಚಾಲಕರು. ಪಟ್ಟಣದ ಹೆಸರು ಹೇಳುವುದಿಲ್ಲ, ನನಗೆ ಇನ್ನೂ ಆ ಕಡೆ ಹೋಗಲಿಕ್ಕುಂಟು.

“ಬಟ್ಟೆಯ ಮೇಲಿನ ಕಲೆಯ ಬಗ್ಗೆ ನಮ್ಮಲ್ಲಿ ಒಂದು ಗೋಷ್ಠಿ ಉಂಟು. ತಾವು ಎಷ್ಟು ವರ್ಷದಿಂದ ಈ ಕ್ಷೇತ್ರದಲ್ಲಿದ್ದೀರಿ?” ಎಂದು ಕೇಳಿದರು.

“ಮೂವತ್ತು ವರ್ಷ ಆಯ್ತು ಸಾರ್. ತಂದೆಯವರಿಂದ ಬಂದದ್ದು.”

“ಓಹೋ, ಪರಂಪರೆ! ಮಾಧ್ಯಮ ಯಾವುದು?”

“ಕನ್ನಡ ಮಾಧ್ಯಮವೇ ಸಾರ್. ಏಳನೆಯವರೆಗೆ.”

“ಹಾಗಲ್ಲ, ಕೆಲಸಕ್ಕೆ ಏನು ಬಳಸ್ತೀರಿ ಅಂತ.”

“ಅದಾ! ಬಿಸಿನೀರು, ಸೋಡ, ಲಿಂಬೆಹುಳಿ. ತುಂಬ ಹಠದ್ದಾದರೆ ಸ್ವಲ್ಪ ಸೀಮೆಎಣ್ಣೆ.”

“ಎಲ್ಲ ಸ್ಥಳೀಯ ವಸ್ತುಗಳು!” ಎಂದು ಅವರು ನಿಟ್ಟುಸಿರು ಬಿಟ್ಟರು. “ನಿಮ್ಮ ಕೆಲಸವನ್ನು ಎಲ್ಲಿ ನೋಡಬಹುದು?”

“ನನ್ನ ಕೆಲಸ ಕಾಣುವುದಿಲ್ಲ ಸಾರ್. ಕಂಡರೆ ನಾನು ಸೋತೆ ಅಂತ ಲೆಕ್ಕ.”

“ಆಹಾ! ಎಂಥ ಮಾತು!” ಎಂದರು. ಪೆನ್ನಿನ ಮುಚ್ಚಳ ತೆಗೆದ ಸದ್ದೂ ಕೇಳಿಸಿತು. ಅವರು ನನ್ನ ಮಾತನ್ನು ಬರೆದುಕೊಳ್ಳುತ್ತಿದ್ದರು!

ಶಿರ್ತಾಡಿಯ ಮನೆಗೆ ಹೋಗಿ ಹೆಂಡತಿಗೆ ಸುದ್ದಿ ಹೇಳಿದೆ. ಸುಗುಣ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ.

“ಯಾವ ಕಲೆ ಅಂತ ಕೇಳಿದ್ರಾ?”

“ಕಲೆ ಅಂದ್ರೆ ಕಲೆ. ಅದರಲ್ಲಿ ಕೇಳ್ಲಿಕ್ಕೆ ಎಂಥ ಉಂಟು?”

“ಒಮ್ಮೆ ಕೇಳಿದ್ರೆ ಬಾಯಿ ಸವೆಯುದಿಲ್ಲ.”

ನನ್ನ ಏಳಿಗೆ ಕಂಡರೆ ಇವಳಿಗೆ ಆಗುವುದಿಲ್ಲ ಎಂದು ತೀರ್ಮಾನಿಸಿದೆ. ಹಿತ್ತಲ ಗಿಡ ಮದ್ದಲ್ಲ!

ನಿಗದಿತ ದಿನ ಬೆಳ್ಳಗಿನ ಅಂಗಿ ತೊಟ್ಟು, ಬೆಳ್ಳಗಿನ ಪಂಚೆ ಉಟ್ಟು ಹೊರಟೆ. ಕೈಚೀಲದಲ್ಲಿ ಎರಡು ಬ್ರಷ್ಷು, ಸೋಡದ ಪೊಟ್ಟಣ, ನಾನೇ ಕಂಡುಹಿಡಿದ ಒಂದು ದ್ರಾವಣದ ಬಾಟಲಿ. ಬರೀ ಬಾಯಿಮಾತಿನ ಭಾಷಣ ಯಾರಿಗೆ ಬೇಕು? ಮಾಡಿ ತೋರಿಸಬೇಕು. ಎರಡು ಬಸ್ಸು ಬದಲಿಸಿ ಒಂಬತ್ತೂವರೆಗೆಲ್ಲ ತಲುಪಿದೆ. ಗೋಷ್ಠಿ ಇದ್ದದ್ದು ಹನ್ನೊಂದೂವರೆಗೆ.

ಉತ್ಸವ ನಡೆಯುತ್ತಿದ್ದದ್ದು ಹಳೆಯ ಹಂಚಿನ ಗೋದಾಮಿನಲ್ಲಿ, ಕಡಲಿಗೆ ನಾಲ್ಕೇ ಹೆಜ್ಜೆ. ಬಾಗಿಲಲ್ಲಿ ಎದೆಗೆ ‘ಕಲಾವಿದರು’ ಎಂಬ ಚೀಟಿ ಸಿಕ್ಕಿಸಿದರು. ನನಗೆ ಸ್ವಲ್ಪ ಸಂಕೋಚವಾಯಿತು, ಆದರೂ ಬೇಡ ಎನ್ನಲಿಲ್ಲ. ಒಳಗೆ ಒಬ್ಬರು ಹಳೆಯ ದೋಣಿಯನ್ನು ಕವುಚಿ ಹಾಕಿ ಅದರಡಿಯಲ್ಲಿ ಕಣ್ಣು ಮುಚ್ಚಿ ಕುಳಿತಿದ್ದರು. ಪಾಪ, ತಲೆನೋವಿರಬೇಕು ಎಂದುಕೊಂಡೆ. ಅದೇ ಅವರ ಕಲಾಕೃತಿಯಂತೆ! ಜುಟ್ಟು ಕಟ್ಟಿದ ಇನ್ನೊಬ್ಬರು ಖಾಲಿ ಗೋಡೆಯನ್ನು ತೋರಿಸಿ ಅರ್ಧ ಗಂಟೆ ಮಾತಾಡಿದರು. ನಾನು ಗೋಡೆಯನ್ನು ಚೆನ್ನಾಗಿ ನೋಡಿದೆ. ಸುಣ್ಣ ಬಳಿದು ತುಂಬ ದಿನ ಆಗಿತ್ತು.

ಸಂಚಾಲಕರು ಕೈಮುಗಿದು, “ವೇದಿಕೆಯ ಪಕ್ಕದಲ್ಲಿ ಒಂದು ಸೀರೆ ತೂಗಿಸಿದ್ದೇವೆ. ನಿಮ್ಮ ಮಾತು ಅದರ ಮೇಲೆಯೇ. ಮೊದಲು ಒಂದು ಸಲ ನೋಡಿಕೊಳ್ಳಿ” ಎಂದು ಹೇಳಿ ಬೇರೆ ಕೆಲಸಕ್ಕೆ ಓಡಿದರು.

ಹೋಗಿ ನೋಡಿದೆ. ಹಳೆಯ ಬಿಳಿ ಸೀರೆ, ಕೆಂಪು ಅಂಚು. ಮೈತುಂಬ ಕಪ್ಪುಗಂದು ಬಣ್ಣದ ಕರೆ! ಗೇರುಬೀಜದ ಎಣ್ಣೆಯದ್ದು, ದೂರದಿಂದಲೇ ಹೇಳಬಲ್ಲೆ. ಜಗತ್ತಿನ ಕರೆಗಳಿಗೆಲ್ಲ ಮಹಾರಾಜ ಅದು. ನನಗೆ ಪರೀಕ್ಷೆ ಇಟ್ಟಿದ್ದಾರೆ ಎಂದು ಅರ್ಥವಾಯಿತು. ಗೇರಿನ ಕರೆ ಹೋಗುವುದಿಲ್ಲ ಎಂದು ನಮ್ಮ ಊರಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಎದೆಯ ಮೇಲೆ ಆ ಚೀಟಿ ಇತ್ತಲ್ಲ!

ಬಕೆಟಿನಲ್ಲಿ ನೀರು ತಂದೆ. ಸೀರೆಯ ಕೆಳಗಿನ ಮೂಲೆ ಒದ್ದೆ ಮಾಡಿ, ದ್ರಾವಣ ಹಾಕಿ ತಿಕ್ಕಿದೆ. ಕರೆ ಜಪ್ಪಯ್ಯ ಎನ್ನಲಿಲ್ಲ. ಇನ್ನೂ ಸ್ವಲ್ಪ ಹಾಕಿದೆ. ಇನ್ನೂ ಗಟ್ಟಿ ತಿಕ್ಕಿದೆ. ಇದನ್ನೂ ಕಲಾಕೃತಿ ಎಂದುಕೊಂಡು ನಾಲ್ಕು ಜನ ಸುತ್ತ ನಿಂತು ಫೋಟೊ ತೆಗೆದರು. ಕೊನೆಗೆ ಅರ್ಧ ಬಾಟಲಿ ಸುರಿದೆ. ಆಗ ಬಣ್ಣ ಬಿಟ್ಟಿತು!

ಬಿಟ್ಟದ್ದು ಕರೆಯಲ್ಲ, ಅಂಚು. ಸಾವಿರ ಸಲ ನೀರು ಕಂಡಿದ್ದ ಆ ಕೆಂಪು ಅಂಚು ನನ್ನ ದ್ರಾವಣವನ್ನು ಅದೇ ಮೊದಲು ಕಂಡದ್ದು. ನೋಡ ನೋಡುತ್ತಿದ್ದಂತೆ ಬಿಳಿಯ ಮೇಲೆ ಗುಲಾಬಿ ಬಣ್ಣ ಹರಿಯತೊಡಗಿತು.

“ಅಯ್ಯೋ! ಎಂಥ ಮಾಡಿದ್ರಿ?” ಎಂಬ ಕೂಗು ಕೇಳಿ ತಿರುಗಿದೆ. ಮೂವತ್ತೈದರ ಒಬ್ಬ ಹೆಂಗಸು. ಅವರ ಎದೆಯ ಮೇಲೂ ‘ಕಲಾವಿದರು’ ಎಂಬ ಚೀಟಿ, ಕೆಳಗೆ ವಿನೋದಾ ಎಂಬ ಹೆಸರು.

“ಕರೆ ತೆಗೀತಾ ಇದ್ದೇನೆ ಮೇಡಂ. ಇದೇ ಅಲ್ವಾ ವಿಷಯ?”

“ಅದು ನನ್ನ ಅಮ್ಮನ ಸೀರೆ” ಎಂದರು ಅವರು. “ಬಂಟ್ವಾಳದ ಕಡೆ ಗೇರುಬೀಜದ ಫ್ಯಾಕ್ಟರಿಯಲ್ಲಿ ಅವರು ಇಪ್ಪತ್ತೆಂಟು ವರ್ಷ ದುಡಿದದ್ದು. ಆ ಕರೆಯೇ ನನ್ನ ಕಲಾಕೃತಿ. ಅವರು ಹನ್ನೊಂದು ಗಂಟೆಗೆ ಬರ್ತಾರೆ, ಅವರಿಗೆ ತೋರಿಸ್ಲಿಕ್ಕೆ ಅಂತಲೇ ಮಾಡಿದ್ದು.” ಅಷ್ಟು ಹೇಳಿ ನೆಲದ ಮೇಲೆಯೇ ಕುಳಿತುಬಿಟ್ಟರು.

ಕಲೆಗೂ ಕಲೆಗೂ ವ್ಯತ್ಯಾಸ ಉಂಟೆಂದು ನನಗೆ ತಿಳಿದದ್ದು ಆ ಕ್ಷಣದಲ್ಲಿ. ಕೈಯಲ್ಲಿ ಬ್ರಷ್ಷು ಹಿಡಿದು ನಿಂತೇ ಇದ್ದೆ. ಭೂಮಿ ಬಾಯಿ ಬಿಟ್ಟರೆ ಇಳಿದುಬಿಡುತ್ತಿದ್ದೆ. ಗೋದಾಮಿನ ನೆಲ ಸಿಮೆಂಟಿನದ್ದು, ಬಾಯಿ ಬಿಡಲಿಲ್ಲ.

ಗಡಿಯಾರದಲ್ಲಿ ಹತ್ತೂಮುಕ್ಕಾಲು. ಆದರೆ ಬಂಟ್ವಾಳದ ಪಕ್ಕದ ಬಿ.ಸಿ.ರೋಡಿನಿಂದ ಬರುವ ಬಸ್ಸಿಗೆ ಆ ದಿನ ಏನು ಅವಸರವೋ, ವಿನೋದಾ ಅವರ ಅಮ್ಮ ಗಿರಿಜಕ್ಕ ಬಂದೇಬಿಟ್ಟರು. ಎಪ್ಪತ್ತು ದಾಟಿದ, ಕಡ್ಡಿಯಂಥ ಹೆಂಗಸು. ಬೆರಳ ತುದಿಗಳೆಲ್ಲ ಕಪ್ಪು. ಅಳುತ್ತಿದ್ದ ಮಗಳನ್ನು ನೋಡಿದರು, ಸೀರೆ ನೋಡಿದರು, ಬ್ರಷ್ಷು ಹಿಡಿದ ನನ್ನನ್ನು ನೋಡಿದರು. ಹತ್ತಿರ ಬಂದು ಒದ್ದೆ ಮೂಲೆಯನ್ನು ಎತ್ತಿ ಹಿಡಿದರು.

“ಗೇರಿನ ಕರೆ ತೆಗೀಲಿಕ್ಕೆ ನೋಡಿದ್ದಾ ಮಾರಾಯ್ರೇ?”

“ಹೌದು ಅಕ್ಕ” ಎಂದೆ.

“ಇಪ್ಪತ್ತೆಂಟು ವರ್ಷ ನಾನು ದಿನಾ ತಿಕ್ಕಿದ್ದೇನೆ. ಹೋಗ್ಲಿಲ್ಲ. ನೀವು ಒಂದು ಬೆಳಿಗ್ಗೆಯಲ್ಲಿ ತೆಗೀತೀರಾ?”

ಹೇಳಿ ನಕ್ಕರು. ಎಂಥ ನಗು ಅದು! ಗೋದಾಮಿನ ಹಂಚು ಹಾರುವಂಥ ನಗು. ದೋಣಿಯ ಅಡಿಯಲ್ಲಿದ್ದವರು ಕೂಡ ಕಣ್ಣು ಬಿಟ್ಟು ಹೊರಗೆ ಬಂದರು.

“ಅಳುದು ಮತ್ತೆ, ಮೊದಲು ಬಣ್ಣ ನಿಲ್ಲಿಸುವ. ಉಪ್ಪುನೀರು ಬೇಕು” ಎಂದು ಅವರು ಬಕೆಟನ್ನು ನನ್ನ ಕೈಗೆ ತುರುಕಿದರು. “ಅಷ್ಟು ದೊಡ್ಡ ಕಡಲು ಉಂಟಲ್ಲ ಎದುರಿಗೆ. ಓಡಿ!”

ಓಡಿದೆ. ಪಂಚೆ ಎತ್ತಿ ಕಟ್ಟಿ, ಮೂರು ಸಲ ಕಡಲಿಗೂ ಗೋದಾಮಿಗೂ ಓಡಿದೆ. ಒಂದು ತೆರೆ ಬಂದು ಸೊಂಟದವರೆಗೆ ಮೀಯಿಸಿತು. ಗಿರಿಜಕ್ಕ ಉಪ್ಪುನೀರಿನಲ್ಲಿ ಮೂಲೆಯನ್ನು ಅದ್ದಿ, ಹಿಂಡಿ, ಮತ್ತೆ ಅದ್ದಿದರು. ಹರಿಯುತ್ತಿದ್ದ ಬಣ್ಣ ನಿಂತಿತು. ಅಂಗೈಯಗಲದ ಒಂದು ಗುಲಾಬಿ ಗುರುತು ಮಾತ್ರ ಉಳಿದುಹೋಯಿತು.

ಅವರು ಹಿಂದಕ್ಕೆ ಸರಿದು ಸೀರೆಯನ್ನು ಉದ್ದಕ್ಕೂ ನೋಡಿದರು. ನಗು ನಿಂತಿತ್ತು. “ಈ ಸೀರೆ ಬಿಸಾಡಿದ್ದೇನೆ ಅಂತ ಮಾಡಿದ್ದೆ ಮಗಾ. ಇಟ್ಟುಕೊಂಡಿದ್ದೀಯಾ?” ಎಂದು ಮಗಳ ತಲೆ ಸವರಿದರು. ವಿನೋದಾ ಮತ್ತೆ ಅತ್ತರು, ಆದರೆ ಈ ಸಲ ಅತ್ತದ್ದು ನನ್ನಿಂದಾಗಿ ಅಲ್ಲ. ಒದ್ದೆ ಪಂಚೆಯಲ್ಲಿ ನಿಂತಿದ್ದ ನನಗೂ ಕಣ್ಣು ಮಂಜಾಯಿತು.

ಅಷ್ಟರಲ್ಲಿ ನನ್ನ ಹೆಸರು ಕರೆದರು! ಮೂವತ್ತು ವರ್ಷ ಕಾದ ವೇದಿಕೆಯನ್ನು, ಸೊಂಟದಿಂದ ಕೆಳಗೆ ನೀರು ಸೋರಿಸುತ್ತ ಹತ್ತಿದೆ.

“ಮಾನ್ಯರೇ, ನಾನು ಕಲಾವಿದ ಅಲ್ಲ. ಬಟ್ಟೆ ಒಗೆಯುವವ.”

ಚಪ್ಪಾಳೆಯೋ ಚಪ್ಪಾಳೆ! ಜುಟ್ಟಿನವರು ಎದ್ದು ನಿಂತು “ನಾವೆಲ್ಲರೂ ಒಗೆಯುವವರೇ!” ಎಂದರು. ಬೋರ್ಡಿನ ಕತೆ, ಬಾಳೆಗೊನೆಯ ಊಹೆ, ಸೀರೆಯ ಅವಸ್ಥೆ ಎಲ್ಲವನ್ನೂ ಬಿಡಿಸಿ ಹೇಳಿದ ಮೇಲೆಯೇ ಅವರಿಗೆ ನಂಬಿಕೆ ಬಂದದ್ದು. ಸಂಚಾಲಕರು ಕರವಸ್ತ್ರದಿಂದ ಮುಖ ಒರೆಸಿಕೊಂಡರು. ನನ್ನನ್ನು ಇಳಿಸುತ್ತಾರೆ ಎಂದು ಎಣಿಸಿದೆ. ಇಳಿಸಲಿಲ್ಲ. “ಗೊತ್ತಿದ್ದದ್ದನ್ನು ಹೇಳಿ” ಎಂದು ಮುಂದಿನ ಸಾಲಿನಿಂದ ಗಿರಿಜಕ್ಕ ಕೂಗಿದರು.

ಹೇಳಿದೆ. ಬಾಳೆಯ ಕರೆ ಹೇಗೆ ಹಿಡಿಯುತ್ತದೆ, ಮದುವೆ ಊಟದ ಅರಸಿನ ಹೇಗೆ ಬಿಡುತ್ತದೆ, ಅಡಿಕೆಯ ಒಗರು ರಸದ, ಅಂದರೆ ಚೊಗರಿನ, ಸ್ವಭಾವ ಏನು ಎಂದು ಹೇಳಿದೆ. ಪ್ರಶ್ನೋತ್ತರ ಶುರುವಾದದ್ದೇ ತಡ, ಕಲಾವಿದರೆಲ್ಲ ಸಾಲಾಗಿ ಬಂದು ತಮ್ಮ ಜುಬ್ಬದ ಮೇಲಿನ ಪೇಂಟಿನ ಕರೆ ತೋರಿಸತೊಡಗಿದರು! ಇಡೀ ಉತ್ಸವದಲ್ಲಿ ಅತಿ ಹೆಚ್ಚು ಪ್ರಶ್ನೆ ಬಂದದ್ದು ನನ್ನ ಗೋಷ್ಠಿಗೇ ಎಂದು ಆಮೇಲೆ ಸಂಚಾಲಕರೇ ಹೇಳಿದರು. ನನಗೆ ಒಂದು ಶಾಲನ್ನೂ ಹೊದಿಸಿದರು. ಚಳಿ ಹಿಡಿದಿದ್ದ ನನಗೆ ಅದು ದೊಡ್ಡ ಉಪಕಾರವಾಯಿತು.

ಈಗ ನೆನೆದರೂ ಮನಸ್ಸು ತುಂಬಿ ಬರುತ್ತದೆ. ಆ ತಾಯಿ ಆ ದಿನ ಒಂದು ಮಾತು ಬೈದಿದ್ದರೆ ನಾನು ಅಂಗಡಿಗೆ ಬೀಗ ಹಾಕುತ್ತಿದ್ದೆ. ಬೈಯುವ ಹಕ್ಕು ಅವರಿಗಿತ್ತು. ಅವರು ನಕ್ಕರು, ಆ ನಗುವಿನಿಂದ ನನ್ನ ಮಾನ ಉಳಿಯಿತು.

ಸಂಜೆ ತಾಯಿ ಮಗಳಿಬ್ಬರನ್ನೂ ಬಸ್ ಸ್ಟ್ಯಾಂಡಿನವರೆಗೆ ಬಿಡಲು ಹೋದೆ. ಬಸ್ಸು ಹೊರಡುವ ಮೊದಲು ಕಿಟಕಿಯ ಬಳಿ ಹೋಗಿ, ಕೈಮುಗಿದು ಹೇಳಿದೆ: “ಗಿರಿಜಕ್ಕ, ನಿಮ್ಮ ಋಣ ತೀರಿಸ್ಲಿಕ್ಕೆ ನನ್ನಿಂದ ಆಗುದಿಲ್ಲ. ಇನ್ನು ಮುಂದೆ ನಿಮ್ಮ ಮನೆಯ ಬಟ್ಟೆ ಎಲ್ಲ ನಾನೇ ಒಗೆದು ಕೊಡ್ತೇನೆ.”

ಗಿರಿಜಕ್ಕ ಮಡಿಲಲ್ಲಿದ್ದ ಬಟ್ಟೆಯ ಚೀಲವನ್ನು ಗಟ್ಟಿಯಾಗಿ ಅವುಚಿಕೊಂಡರು. ಆಮೇಲೆ ಮಗಳ ಕಡೆ ಬಾಗಿ, ನನಗೆ ಕೇಳಿಸಬಾರದು ಎಂಬಂತೆ ಮೆಲ್ಲ ಕೇಳಿದರು:

“ನಮ್ಮ ಮನೆ ಎಲ್ಲಿ ಅಂತ ಇವರಿಗೆ ಹೇಳಿದ್ದೀಯಾ?”