ಇಪ್ಪತ್ತೈದು ಸಲದ ರಕ್ತದಾನಿ

ಮಡಿವಾಳಯ್ಯನ ಅಕ್ಷರ ಅಷ್ಟು ದುಂಡಗೆ ಇರದಿದ್ದರೆ ಇದೆಲ್ಲ ಆಗುತ್ತಲೇ ಇರಲಿಲ್ಲ. ವಾಡಿಯ ಒಂದು ಹೈಸ್ಕೂಲಿನಲ್ಲಿ ಗುಮಾಸ್ತನಾಗಿದ್ದ ಅವನು ಬರೆದುಕೊಟ್ಟ ಟಿ.ಸಿ.ಯನ್ನು ಜನ ಲಗ್ನಪತ್ರಿಕೆಯ ಹಾಗೆ ಜೋಪಾನ ಮಾಡುತ್ತಿದ್ದರು. ಹನ್ನೆರಡು ವರ್ಷದ ಹಿಂದೆ ಪಕ್ಕದ ಮನೆಯ ಸಂತೋಷಕುಮಾರ ತನ್ನ ಸೇವಾ ಸಂಘದಿಂದ ರಕ್ತದಾನ ಶಿಬಿರ ಇಟ್ಟಾಗ, ಪ್ರಮಾಣಪತ್ರಗಳ ಮೇಲೆ ದಾನಿಗಳ ಹೆಸರು ಬರೆಯಲು ಮಡಿವಾಳಯ್ಯನನ್ನೇ ಕರೆದೊಯ್ದು ಕೂಡಿಸಿದ.

ಮಡಿವಾಳಯ್ಯ ಮಂಚಗಳಿಗೆ ಬೆನ್ನು ಮಾಡಿ ಕುಳಿತು ನಲವತ್ತೊಂದು ಹೆಸರು ಬರೆದ. ಸೂಜಿ ಕಂಡರೆ ಅವನಿಗೆ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಒಮ್ಮೆ ಕಾಲಿಗೆ ಮೊಳೆ ಚುಚ್ಚಿದಾಗ ಇಂಜೆಕ್ಷನ್ ಮಾಡಿಸಲು ಹೋದವನು, ಕಂಪೌಂಡರ್ ಸಿರಿಂಜಿನ ಕಾಗದ ಹರಿಯುವ ಮೊದಲೇ ಅವನ ಹೆಗಲ ಮೇಲೆ ಒರಗಿಬಿಟ್ಟಿದ್ದ.

ಸಂಜೆ ಒಂದು ಪ್ರಮಾಣಪತ್ರ ಉಳಿಯಿತು. "ನಿಮ್ಮ ಹೆಸರೇ ಬರಕೊಳ್ರಿ ಅಯ್ನೋರ, ಸುಮ್ಮ ವೇಸ್ಟ್ ಯಾಕ" ಎಂದ ಸಂತೋಷಕುಮಾರ. ಮಡಿವಾಳಯ್ಯ ಬೇಡ ಬೇಡ ಎನ್ನುತ್ತಲೇ ಬರೆದುಕೊಂಡ. ಬರೆದ ಮೇಲೆ ಅದು ಚಂದವಾಗಿಯೇ ಕಂಡಿತು. ಮನೆಗೆ ತಂದು ಗೋಡೆಗೆ ಹಾಕಿದ. ಹೆಂಡತಿ ಲಲಿತಾಬಾಯಿ ಅದನ್ನು ಓದಿ, ಅವನ ಮುಖ ಒಮ್ಮೆ ನೋಡಿ, ಮೊಳೆ ಸೊಟ್ಟಗಾಗಿದೆ ಎಂದಷ್ಟೇ ಹೇಳಿ ಒಳಗೆ ಹೋದಳು.

ಅಲ್ಲಿಂದ ಮುಂದೆ ಶಿಬಿರಕ್ಕೊಂದು ಪತ್ರ ಉಳಿಯುತ್ತಲೇ ಹೋಯಿತು. ಹಾಲಿಗೆ ಹೆಪ್ಪು ಬಿದ್ದ ಮೇಲೆ ಮೊಸರಾಗದೆ ಬಿಟ್ಟೀತೆ? ಗೋಡೆ ತುಂಬಿತು. ಓಣಿಯ ಮಂದಿ ಅವನಿಗೆ ದಾನಿ ಅಯ್ನೋರು ಎಂದು ಹೆಸರಿಟ್ಟರು.

ಈ ವರ್ಷ ಚಿತ್ತಾಪುರದಲ್ಲಿ ಕೆಲವು ಹಿರಿಯರು ಸೇರಿ ತಾಲ್ಲೂಕಿನ ಸ್ವಯಂಸೇವಕರಿಗೂ ಸಂಘಗಳಿಗೂ ಪ್ರಶಸ್ತಿ ಕೊಡುವುದೆಂದು ಗೊತ್ತುಮಾಡಿದರು. ಸಮಿತಿಯ ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ತರ ಕಲೀಮ್ ಸಾಹೇಬರು. ದಿಕ್ಕಿಲ್ಲದ ಹೆಣಗಳಿಗೆ ಮಣ್ಣು ಕೊಡುವ ನಾಲ್ಕು ಮಂದಿ ಗೆಳೆಯರು, ಬೇಸಿಗೆಯಲ್ಲಿ ಸ್ಟೇಷನ್ನಿನಲ್ಲಿ ಕುಡಿಯುವ ನೀರು ಹಂಚುವ ಹೆಣ್ಣುಮಕ್ಕಳ ಸಂಘ, ಇಂಥವರನ್ನು ಹುಡುಕಿ ಹುಡುಕಿ ಆರಿಸಿದ್ದರು. ರಕ್ತದಾನಕ್ಕೆ ಸಂತೋಷಕುಮಾರ ಮಡಿವಾಳಯ್ಯನ ಹೆಸರು ಕಳಿಸಿದ್ದ. ಮಡಿವಾಳಯ್ಯನಿಗೆ ವಿಷಯ ತಿಳಿದದ್ದು ಆಮಂತ್ರಣ ಪತ್ರಿಕೆ ಕೈಗೆ ಬಂದ ಮೇಲೆ. ಪಕ್ಕದ ಮನೆಗೆ ಓಡಿ ಹೋಗಿ, ಹೆಸರು ವಾಪಸ್ ತೆಗೆಸು ಎಂದು ಅಂಗಲಾಚಿದ. ನಿಮ್ಮದು ಸುಳ್ಳಾದರೆ ನಮ್ಮ ಸಂಘವೂ ಸುಳ್ಳಾಗುತ್ತದೆ, ಒಂದು ಶಾಲು ಹೊದ್ದುಕೊಂಡು ಕೆಳಗಿಳಿದರೆ ಮುಗಿಯಿತು ಎಂದು ಸಂತೋಷಕುಮಾರ ಅವನ ಬಾಯಿ ಮುಚ್ಚಿಸಿದ.

ಪ್ರಶಸ್ತಿಯ ದಿನ ಬೆಳಿಗ್ಗೆ ಏಳಕ್ಕೇ ಓಣಿಯೆಲ್ಲ ಮನೆಗೆ ಬಂತು. ಒಬ್ಬರು ದಾಳಿಂಬೆ ತಂದರು, ಇನ್ನೊಬ್ಬರು ಬೀಟ್‌ರೂಟ್ ರಸ ತಂದರು. ಅಷ್ಟು ರಕ್ತ ಕೊಟ್ಟ ದೇಹ, ತುಂಬಬೇಕಲ್ಲ ಎಂದು ಎದುರಿಗೇ ಕುಳಿತು ಕುಡಿಸಿದರು. ಅವನು ಕಣ್ಣು ಮುಚ್ಚಿ ಒಂದೇ ಗುಟುಕಿಗೆ ಕುಡಿದು ಲೋಟ ಕೆಳಗಿಟ್ಟ. ಮಂದಿ ಕರಗಿದ ಮೇಲೆ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತ.

"ಲಲಿತಾ, ನಿನಗ ಒಂದು ಮಾತು ಹೇಳೂದದ."

ರೊಟ್ಟಿ ಬಡಿಯುತ್ತಿದ್ದ ಲಲಿತಾಬಾಯಿಯ ಕೈ ನಿಂತಿತು. "ಹೇಳ್ರಿ" ಎಂದು ಅವನ ಕಡೆ ತಿರುಗಿ ಕುಳಿತಳು. ಅವಳು ಹಾಗೆ ಕಾಯುತ್ತ ಕುಳಿತದ್ದನ್ನು ನೋಡಿ ಅವನ ಧೈರ್ಯ ಒಲೆಯ ಹೊಗೆಯ ಜೊತೆ ಕಿಟಕಿಯಿಂದ ಹಾರಿಹೋಯಿತು.

"ಅಂಗಿ ಇಸ್ತ್ರಿ ಆಗ್ಯಾದೇನು?"

"ಆಗ್ಯಾದ" ಎಂದು ಅವಳು ಮತ್ತೆ ರೊಟ್ಟಿಗೆ ಕೈ ಹಾಕಿದಳು.

ಓಣಿಯವರ ಜೊತೆ ಚಿತ್ತಾಪುರಕ್ಕೆ ಹೋಗುವ ಪ್ಯಾಸೆಂಜರ್ ಗಾಡಿಯಲ್ಲಿ ಸಂತೋಷಕುಮಾರ ಸುಮ್ಮನೆ ಕೂರಲಿಲ್ಲ. ಇವರು ಯಾರು ಗೊತ್ತೇನು, ಇಪ್ಪತ್ತೈದು ಸಲ ರಕ್ತ ಕೊಟ್ಟವರು ಎಂದು ಡಬ್ಬಿಯ ತುಂಬ ಸಾರಿದ. ಮಂದಿ ಎದ್ದು ಬಂದು ಕೈಮುಗಿದರು. ಒಬ್ಬಾತ ನಿಮ್ಮದು ಯಾವ ಗ್ರೂಪು ಎಂದು ಕೇಳಿದ. ಮಡಿವಾಳಯ್ಯನಿಗೆ ತನ್ನ ರಕ್ತದ ಗುಂಪು ಯಾವುದೆಂದು ಇವತ್ತಿಗೂ ಗೊತ್ತಿರಲಿಲ್ಲ. ಎಲ್ಲ ಗುಂಪಿನವರಿಗೂ ಕೊಟ್ಟಿದ್ದೇನೆ ಎಂದು ಗೊಣಗಿದ. ಕೇಳಿದಾತ ತಲೆದೂಗಿ ಕುಳಿತ.

ಅಷ್ಟರಲ್ಲಿ ಬಾಗಿಲ ಹತ್ತಿರ ಕೆಳಗೆ ಕುಳಿತಿದ್ದ ಒಬ್ಬ ಹೆಂಗಸು ಎದ್ದು ಬಂದಳು. ರಾವೂರಿನ ಆಶಾಬಿ. ಚಿತ್ತಾಪುರದ ಆಸ್ಪತ್ರೆಯಲ್ಲಿ ಮಗಳಿಗೆ ಹೆರಿಗೆ ಆಗಿದೆ, ರಕ್ತ ಭಾಳ ಹೋಗಿದೆ, ಒಬ್ಬ ದಾನಿಯನ್ನು ಕರೆತನ್ನಿ ಅಂದಿದ್ದಾರೆ, ಯಾವ ಗುಂಪಾದರೂ ನಡೆಯುತ್ತದಂತೆ, ಬದಲಿಗೆ ಬೇಕಾದ ಗುಂಪು ಕೊಡುತ್ತಾರಂತೆ ಎಂದಳು. ಅಳಿಯ ಪುಣೆಯಿಂದ ಬರುವ ದಾರಿಯಲ್ಲಿದ್ದ. ಅವಳು ಅಳಲಿಲ್ಲ, ಕಾಲಿಗೂ ಬೀಳಲಿಲ್ಲ. "ಅಯ್ನೋರ, ಇಪ್ಪತ್ತೈದು ಮಂದಿಗೆ ಕೊಟ್ಟೀರಿ. ನನ್ನ ಮಗಳಿಗೂ ಒಂದು ಕೊಡ್ರಿ" ಎಂದು ಕೇಳಿ ನಿಂತಳು.

ಡಬ್ಬಿಯೆಲ್ಲ ಅವನನ್ನೇ ನೋಡುತ್ತಿತ್ತು. ಎದುರಿನ ಸೀಟಿನಲ್ಲಿ ಲಲಿತಾಬಾಯಿಯೂ ನೋಡುತ್ತಿದ್ದಳು. ಮಡಿವಾಳಯ್ಯ ಹೂಂ ಎಂದ.

ಸಮಾರಂಭದ ಹಾಲಿನ ಪಕ್ಕದ ಕೋಣೆಯಲ್ಲೇ ಬ್ಲಡ್ ಬ್ಯಾಂಕಿನವರು ಶಿಬಿರ ಹಾಕಿದ್ದರು. ಮಡಿವಾಳಯ್ಯ ಹಲ್ಲು ಕಚ್ಚಿಕೊಂಡು ಒಳಗೆ ಹೋದ. ಒಂದಾದರೂ ನಿಜವಾಗಲಿ, ಆ ತಾಯಿಯ ಎದುರಿಗೆ ತಲೆ ಎತ್ತಿದರೆ ಸಾಕು ಎಂಬುದಷ್ಟೇ ಅವನ ಆಸೆ. ಅಲ್ಲಿದ್ದ ತಂತ್ರಜ್ಞೆ ಶಗುಫ್ತಾ ಎಂಬ ಹುಡುಗಿ ಹೆಸರು ಕೇಳಿ ತಾಲ್ಲೂಕಿನ ದಾನಿಗಳ ರಿಜಿಸ್ಟರ್ ತಿರುವಿದಳು. ಮತ್ತೊಮ್ಮೆ ತಿರುವಿದಳು.

"ಇಪ್ಪತ್ತೈದು ಸಲ ಅಂತೀರಿ. ದಾನಿಗಳ ಹೆಸರಿನಾಗ ನಿಮ್ಮದು ಒಂದೂ ಇಲ್ರಿ."

ಮಡಿವಾಳಯ್ಯ ಬಾಗಿಲ ಕಡೆ ನೋಡಿಕೊಂಡು, ತಗ್ಗಿದ ದನಿಯಲ್ಲಿ, ತಾನು ಒಮ್ಮೆಯೂ ಕೊಟ್ಟಿಲ್ಲ ಎಂದು ಹೇಳಿದ. ಹನ್ನೆರಡು ವರ್ಷದಲ್ಲಿ ಮೊದಲ ಸಲ ಆ ಮಾತು ಅವನ ಬಾಯಿಂದ ಹೊರಗೆ ಬಂದಿತ್ತು. ಮಗಳ ವಯಸ್ಸಿನ ಹುಡುಗಿಯ ಎದುರಿಗೆ ಕಿವಿಯವರೆಗೆ ಬಿಸಿಯಾಯಿತು. ಶಗುಫ್ತಾ ನಗಲೂ ಇಲ್ಲ, ಬೈಯಲೂ ಇಲ್ಲ. ಹಾಗಾದರೆ ಇವತ್ತೇ ಮೊದಲನೆಯದು, ಮೊದಲು ಬೆರಳಿನಿಂದ ಒಂದು ಹನಿ ತೆಗೆದು ಪರೀಕ್ಷೆ ಮಾಡಬೇಕು ಎಂದು ಅವನ ಬೆರಳು ಹಿಡಿದಳು. ಮಡಿವಾಳಯ್ಯ ಕಣ್ಣು ಮುಚ್ಚಿದ. ಆಮೇಲೆ ಏನಾಯಿತೋ ಅವನಿಗೆ ಗೊತ್ತಿಲ್ಲ. ಕಣ್ಣು ಬಿಟ್ಟಾಗ ನೆಲದ ಮೇಲೆ ಒಡೆದ ತೊಗರಿ ಚೀಲದಂತೆ ಬಿದ್ದಿದ್ದ. ಯಾರೋ ಮುಖಕ್ಕೆ ನೀರು ಹೊಡೆಯುತ್ತಿದ್ದರು.

ಇವತ್ತು ನಿಮ್ಮ ಕೈಲಿ ಆಗುವುದಿಲ್ಲ ಎಂದಳು ಶಗುಫ್ತಾ. ಸಂತೋಷಕುಮಾರ ಮಾತ್ರ ಸುತ್ತ ನಿಂತವರಿಗೆ, ನಿನ್ನೆಯಿಂದ ಉಪವಾಸ, ಆದರೂ ಕೊಡಲು ಬಂದರು ನೋಡಿ ಎಂದು ವಿವರಿಸುತ್ತಿದ್ದ. ಕೇಳಿದವರ ಕಣ್ಣಲ್ಲಿ ನೀರು ಬಂತು. ಅದೇ ಹೊತ್ತಿಗೆ ಹಾಲಿನ ಮೈಕಿನಲ್ಲಿ ಮಡಿವಾಳಯ್ಯನ ಹೆಸರು ಕೂಗಿದರು. ಇಬ್ಬರು ಅವನನ್ನು ರಟ್ಟೆ ಹಿಡಿದು ವೇದಿಕೆಗೆ ಹತ್ತಿಸಿದರು.

ಕಲೀಮ್ ಸಾಹೇಬರು ಶಾಲು ಬಿಚ್ಚಿ ಹಿಡಿದು ನಿಂತಿದ್ದರು. ಅವನ ಜೊತೆಗೇ ಬಂದಿದ್ದ ಆಶಾಬಿ ಮುಂದಿನ ಸಾಲಿನಲ್ಲಿ ಕುಳಿತು, ಇವರೇ, ನನ್ನ ಮಗಳಿಗೆ ಕೊಡುವವರು ಇವರೇ ಎಂದು ಪಕ್ಕದವಳಿಗೆ ತೋರಿಸುತ್ತಿದ್ದಳು. ಮಡಿವಾಳಯ್ಯ ಅವಳ ಬೆರಳು ನೋಡಿದ. ಶಾಲಿಗೆ ತಲೆ ಬಗ್ಗಿಸದೆ ಮೈಕಿನ ಕಡೆ ನಡೆದ.

"ನಾ ಒಂದು ಸಲನೂ ರಕ್ತ ಕೊಟ್ಟಿಲ್ರಿ. ಉಳದ ಕಾಗದದ ಮ್ಯಾಲ ನನ್ನ ಹೆಸರು ನಾನೇ ಬರಕೊಂಡೀನಿ. ಈಗ ಕೊಡಲಿಕ್ಕೆ ಹೋದೆ, ಅದೂ ಆಗಲಿಲ್ಲ. ಆಶಾಬಿಯವರ, ನಿಮಗ ಹೂಂ ಅಂದಿದ್ದೂ ಸುಳ್ಳಾತು."

ಸಂತೋಷಕುಮಾರ ಬಗ್ಗಿ ಚಪ್ಪಲಿ ಹುಡುಕತೊಡಗಿದ. ಕಲೀಮ್ ಸಾಹೇಬರು ಶಾಲನ್ನು ನಿಧಾನಕ್ಕೆ ಮಡಚಿದರು, ಕನ್ನಡಕ ಒರೆಸಿಕೊಂಡರು. ನಮ್ಮದೂ ತಪ್ಪು, ಸಂಘದ ಪಟ್ಟಿ ನಂಬಿದೆವು ಎಂದು ಒಪ್ಪಿಕೊಂಡು, ಬ್ಲಡ್ ಬ್ಯಾಂಕಿನ ರಿಜಿಸ್ಟರ್ ತರಿಸಿದರು. ತಾಲ್ಲೂಕಿನಲ್ಲಿ ಅತಿ ಹೆಚ್ಚು ಸಲ ಕೊಟ್ಟವರು ಯಾರೆಂದು ಶಗುಫ್ತಾಳನ್ನು ಕೇಳಿದರು.

ಶಗುಫ್ತಾ ನೋಡಿ ಹೇಳಲು ಹಿಂದೆಗೆದಳು. ಹನ್ನೊಂದು ಸಲ ಕೊಟ್ಟ ಒಬ್ಬರಿದ್ದಾರೆ, ಆದರೆ ಮನೆಗೆ ತಿಳಿಯುವುದು ಬೇಡ ಎಂದು ಬಂದಾಗಲೆಲ್ಲ ಹೇಳುತ್ತಾರೆ ಎಂದಳು. ಹೆಣ್ಣುಮಕ್ಕಳ ಸಾಲಿನಲ್ಲಿ ಯಾರನ್ನೋ ಕಣ್ಣಿನಲ್ಲೇ ಕೇಳಿದಳು. ಅಲ್ಲಿಂದ ಒಪ್ಪಿಗೆ ಬಂದಿರಬೇಕು. ಇದ್ದದ್ದನ್ನು ಇದ್ದ ಹಾಗೇ ಓದಿದಳು.

"ಲಲಿತಾಬಾಯಿ ಗಂಡ ಮಡಿವಾಳಯ್ಯ, ವಾಡಿ."

ಅಂತೂ ರಿಜಿಸ್ಟರಿನಲ್ಲಿ ಅವನ ಹೆಸರಿತ್ತು. ಲಲಿತಾಬಾಯಿ ಸೆರಗು ಸರಿಮಾಡಿಕೊಂಡು ಎದ್ದಳು. ಮೆಟ್ಟಿಲು ಹತ್ತಿ, ಗಂಡನನ್ನು ದಾಟಿ ಹೋಗಿ ಶಾಲು ಹೊದ್ದುಕೊಂಡಳು, ಕೆಳಗಿಳಿದಳು, ಆಶಾಬಿಯ ಕೈ ಹಿಡಿದು ನೇರ ಶಿಬಿರದ ಕೋಣೆಗೆ ನಡೆದಳು. ಮಡಿವಾಳಯ್ಯ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ವೇದಿಕೆಯ ಮೇಲೆ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದ.

ಸಂಜೆಯ ಗಾಡಿಯಲ್ಲಿ ಓಣಿಯವರು ಬೇರೆ ಡಬ್ಬಿ ಹತ್ತಿದರು. ಗಂಡ ಹೆಂಡತಿ ಇಬ್ಬರೇ ಅಕ್ಕಪಕ್ಕ ಕುಳಿತರು. ಅವಳ ಮೊಣಕೈ ಮಡಿಕೆಯಲ್ಲಿ ಅಂಟುಪಟ್ಟಿ ಇತ್ತು, ತೊಡೆಯ ಮೇಲೆ ಶಾಲು. ಅವಳು ಚಿತ್ತಾಪುರದ ತಂಗಿಯ ಮನೆಗೆಂದು ವರ್ಷಕ್ಕೊಮ್ಮೆ ಹೋಗಿ ಬರುತ್ತಿದ್ದದ್ದು ಯಾತಕ್ಕೆ ಎಂದು ಅವನಿಗೆ ಈಗ ಹೊಳೆಯಿತು. ತನಗೆ ಯಾಕೆ ಹೇಳಲಿಲ್ಲ ಎಂದು ತಲೆ ತಗ್ಗಿಸಿಯೇ ಕೇಳಿದ.

"ನೀವು ಮೊದಲನೇ ಕಾಗದ ಗ್ವಾಡಿಗೆ ಹಾಕಿದ ದಿನ ನನಗ ಭಾಳ ನಾಚಿಕಿ ಆತ್ರಿ. ಸುಳ್ಳು ಅನ್ನಲಿಕ್ಕೆ ಬಾಯಿ ಬರಲಿಲ್ಲ. ಖರೇ ಮಾಡಿದ್ರಾತು ಅಂತ ಹೋಗಿ ಕೊಟ್ಟು ಬಂದೆ. ನಿಮ್ಮದೊಂದು ಕಾಗದಕ್ಕ ನನ್ನದೊಂದು ಬಾಟ್ಲಿ. ಆದ್ರ ನೀವು ವರ್ಷಕ್ಕ ಎರಡೆರಡು ತರಲಿಕ್ಕತ್ತಿರಿ. ನನ್ನ ಮೈ ಅಷ್ಟು ಓಡಲಿಲ್ಲ."

ಮಡಿವಾಳಯ್ಯ ಧೋತರದ ತುದಿಯಿಂದ ಕಣ್ಣು ಒರೆಸಿಕೊಂಡ. ಇವತ್ತು ಎಲ್ಲರ ಎದುರಿಗೆ ಹೇಳಿದೆನಲ್ಲ, ಇನ್ನು ಮುಗಿಯಿತು ಬಿಡು ಎಂದ.

"ಹೇಳಿದ್ರ ಹೆಂಗ ಮುಗೀತದ? ಇವತ್ತಿಂದೂ ಹಿಡದು ಹನ್ನೆರಡು ನಾ ಕೊಟ್ಟೀನಿ. ಹದಿಮೂರು ಉಳದಾವ. ಅವು ನಿಮ್ಮವು. ಸೋಮವಾರ ಕರಕೊಂಡು ಬರ್ತೀನಿ ಅಂತ ಶಗುಫ್ತಾಗ ಹೇಳೀನಿ."

ಮಡಿವಾಳಯ್ಯನ ಮುಖ ಸುಣ್ಣದಂತೆ ಬೆಳ್ಳಗಾಯಿತು. ಎದುರಿಗೆ ಕುಳಿತಿದ್ದ ಸೇಡಂ ಕಡೆಯ ಮುದುಕನೊಬ್ಬ ಶಾಲು ನೋಡಿ ಏನು ಸನ್ಮಾನ ಎಂದು ಕೇಳಿದ. ರಕ್ತದಾನದ್ದು ಎಂದಳು ಲಲಿತಾಬಾಯಿ. ಮುದುಕ ಮಡಿವಾಳಯ್ಯನ ಬಿಳಿಚಿದ ಮುಖವನ್ನು ದಿಟ್ಟಿಸಿ, ತನ್ನ ಗಂಟು ಎತ್ತಿಕೊಂಡು ಸೀಟು ಖಾಲಿ ಮಾಡಿದ.

"ಭಾಳ ಕೊಟ್ಟೀರಿ ಅಂತ ಕಾಣ್ತದ. ಇಲ್ಲಿ ಕಾಲು ಚಾಚಿ ಮಕ್ಕೋರಿ."

"ನಾ ಅಲ್ರಿ" ಎಂದ ಮಡಿವಾಳಯ್ಯ. "ಈಕಿ ಕೊಟ್ಟಾಳ. ನಾ ಏನೂ ಕೊಟ್ಟಿಲ್ಲ."

ಮುದುಕ ಮೆಚ್ಚಿ ತಲೆಯಾಡಿಸಿದ. ಇಷ್ಟು ಕೊಟ್ಟೂ ಹೆಂಡತಿಯ ಹೆಸರು ಹೇಳುವ ಗಂಡಸನ್ನು ತಾನು ಇವತ್ತೇ ನೋಡಿದ್ದು ಎಂದು ಪಕ್ಕದವನಿಗೆ ಹೇಳಿದ. ಪಕ್ಕದವನು ಎದ್ದು ನಿಂತು ಮಡಿವಾಳಯ್ಯನಿಗೆ ಕೈಮುಗಿದ.