ಬಲಕ್ಕೇ ಓಡುವ ಅರಿಷಿಣಪ್ಪ

ನಮ್ಮ ಸೋದರಮಾವನ ಮುಖ ಹೇಗಿದೆ ಎಂದು ಯಾರಾದರೂ ಕೇಳಿದರೆ ನಾನು ಸ್ವಲ್ಪ ಯೋಚಿಸಬೇಕಾಗುತ್ತದೆ. ಬೆನ್ನು ಕೇಳಿ, ಕಣ್ಣು ಮುಚ್ಚಿ ಹೇಳುತ್ತೇನೆ! ಎಡ ಹೆಗಲು ಬಲಕ್ಕಿಂತ ಒಂದು ಬೆರಳು ಕೆಳಗೆ, ಕುತ್ತಿಗೆಯ ಹಿಂದೆ ಒಂದು ಮಚ್ಚೆ, ಮಚ್ಚೆಯ ಮೇಲೊಂದು ಟವೆಲ್ಲು. ಏಕೆಂದರೆ ಈ ಮನುಷ್ಯ ನಡೆಯಲು ಕಲಿತಾಗಿನಿಂದಲೂ ಎಲ್ಲರಿಗಿಂತ ಇಪ್ಪತ್ತು ಹೆಜ್ಜೆ ಮುಂದೆ. ತನ್ನ ಮದುವೆಯಲ್ಲಿ ಸಪ್ತಪದಿಯ ಏಳೂ ಹೆಜ್ಜೆ ಮುಗಿಸಿ ಊಟದ ಪಂಕ್ತಿಯಲ್ಲಿ ಕುಳಿತಿದ್ದನಂತೆ, ಅತ್ತೆ ಇನ್ನೂ ಮೂರನೆಯ ಹೆಜ್ಜೆಯಲ್ಲಿದ್ದಳಂತೆ. ಇದು ನಮ್ಮವ್ವ ಹೇಳುವ ಕಥೆ. ಅವ್ವ ಸ್ವಲ್ಪ ಹೆಚ್ಚಿಸಿ ಹೇಳುತ್ತಾಳೆ. ಅತ್ತೆಯನ್ನೇ ಕೇಳಿದೆ, ನಾಲ್ಕನೆಯದರಲ್ಲಿದ್ದಳಂತೆ.

ಬಸ್ಸಿನ ಕಥೆಯಂತೂ ನಾನೇ ಕಣ್ಣಾರೆ ಕಂಡದ್ದು. ಹಾವೇರಿ ಬಸ್‌ಸ್ಟ್ಯಾಂಡಿನಲ್ಲಿ ಒಮ್ಮೆ ಮಾಮಾ ನಮ್ಮೆಲ್ಲರಿಗಿಂತ ಮುಂದೆ ಓಡಿ, ಕಿಟಕಿಯಿಂದ ಟವೆಲ್ಲು ಎಸೆದು ಐದು ಸೀಟು ಹಿಡಿದ. ಬಸ್ಸು ಹೊರಟಿತು. ಐದು ಸೀಟು, ಟವೆಲ್ಲು, ಮಾಮಾ, ಎಲ್ಲ ಸುಖವಾಗಿ ಬ್ಯಾಡಗಿ ತಲುಪಿದವು. ನಾವು ನಾಲ್ಕು ಜನ ಹಾವೇರಿಯಲ್ಲೇ ಉಳಿದೆವು.

ಮಾಮಾನ ಕೆಲಸ ಬ್ಯಾಡಗಿಯ ಮೆಣಸಿನಕಾಯಿ ಚೀಲಗಳಿಗೆ ಮಾರ್ಕಾ ಹಾಕುವುದು. ತಗಡಿನಲ್ಲಿ ವ್ಯಾಪಾರಿಯ ಹೆಸರು ಕತ್ತರಿಸಿ ಅಚ್ಚು ಮಾಡಿ, ಚೀಲದ ಮೇಲಿಟ್ಟು, ಬಣ್ಣದ ಬ್ರಷ್ ಆಡಿಸಿದರೆ ಹೆಸರು ಮೂಡುತ್ತದೆ. ಸೀಜನ್ನಿನಲ್ಲಿ ದಿನಕ್ಕೆ ಎಷ್ಟು ಚೀಲವೋ ಅವನಿಗೇ ಲೆಕ್ಕವಿಲ್ಲ. ಇಂಥವನು ಒಂದು ದಿನ ಕಾಮಿಕ್ಸ್ ಬರೆಯಲು ಕುಳಿತ ಎಂದರೆ ನಂಬುತ್ತೀರಾ? ತಪ್ಪು ನನ್ನದೇ. ಆದರೆ ಅದಕ್ಕೂ ಮೊದಲು ಅವನಿಗೂ ನಮ್ಮವ್ವನಿಗೂ ಆದ ಜಗಳದ ಕಥೆ ಹೇಳಬೇಕು.

ಅವ್ವ ಎಂಟನೆಯ ಇಯತ್ತೆಯಲ್ಲಿದ್ದಾಗ ಅವರ ಮನೆಗೆ ಟಿವಿಗೆ ಹಚ್ಚಿ ಆಡುವ ಕ್ಯಾಸೆಟ್ ಗೇಮ್ ಬಂದಿತ್ತು. ಆಟದಲ್ಲಿ ಇಬ್ಬರು ಚೌಕಚೌಕ ಮೈಯ ಕುಳ್ಳರು, ಒಬ್ಬ ಹಳದಿ, ಇನ್ನೊಬ್ಬ ನೀಲಿ. ಹೆಸರೆಲ್ಲ ಯಾವುದೋ ದೇಶದ ಲಿಪಿಯಲ್ಲಿತ್ತು. ಅಣ್ಣ ತಂಗಿ ಸೇರಿ ತಾವೇ ನಾಮಕರಣ ಮಾಡಿದರು. ಹಳದಿಯವನು ಅರಿಷಿಣಪ್ಪ, ಅಣ್ಣನವನು. ನೀಲಿಯದು ನೀಲವ್ವ, ತಂಗಿಯದು. ಇಬ್ಬರೂ ಬಲಕ್ಕೆ ಓಡುತ್ತ, ಹಾರುತ್ತ, ರಾಕ್ಷಸನನ್ನು ಕೊಂದು ಕೋಟೆ ಸೇರಬೇಕು. ಆದರೆ ಮುಂದಿದ್ದವನು ಓಡಿದಂತೆ ಪರದೆಯೂ ಅವನ ಹಿಂದೆಯೇ ಸರಿಯುತ್ತದೆ. ಹಿಂದೆ ಬಿದ್ದವರು ಎಡದಂಚಿನಲ್ಲಿ ಮಾಯ. ಮುಂದೆ ಹೋದವನು ತಿರುಗಿ ಬರುವ ವ್ಯವಸ್ಥೆ ಆ ಆಟದಲ್ಲಿರಲಿಲ್ಲ. ಮಾಮಾ ಸಾವಿರ ಸಲ ಕೋಟೆ ಮುಟ್ಟಿದ. ನೀಲವ್ವ ಒಂದು ಸಲವೂ ಕೋಟೆ ಕಾಣಲಿಲ್ಲ.

ಇದು ಹುಡುಗಾಟದ ಮಾತು, ನಗುತ್ತ ಹೇಳಿಕೊಳ್ಳುತ್ತಿದ್ದರು. ನಾಲ್ಕು ವರ್ಷಗಳ ಹಿಂದೆ ನಗು ನಿಂತಿತು. ಅಪ್ಪನಿಗೆ ಎದೆನೋವು ಬಂದು ಹುಬ್ಬಳ್ಳಿಯ ಆಸ್ಪತ್ರೆ ಸೇರಿದ. ನಾನು ಧಾರವಾಡದಲ್ಲಿ ಪರೀಕ್ಷೆ ಬರೆಯುತ್ತಿದ್ದೆ, ನನಗೆ ಹೇಳಿರಲಿಲ್ಲ. ಅವ್ವ ಒಬ್ಬಳೇ. ದಿನಾ ಅಣ್ಣನಿಗೆ ಫೋನು. ಅಣ್ಣ ದಿನಾ "ಬಂದೆ, ದಾರ್ಯಾಗ ಅದೇನಿ" ಎನ್ನುತ್ತಿದ್ದ. ಅದು ಮೆಣಸಿನಕಾಯಿ ಸೀಜನ್ನು, ಚೀಲಗಳು ಬೆಟ್ಟದ ಹಾಗೆ ಬಿದ್ದಿದ್ದವು. ಒಂಬತ್ತನೆಯ ದಿನ ಮಾಮಾ ಎಳನೀರು ಹಿಡಿದು ಬಂದಾಗ ಅಪ್ಪ ಹಾವೇರಿಯ ಮನೆಯಲ್ಲಿ ಕುಳಿತು ಉಪ್ಪಿಟ್ಟಿಗೆ ಉಪ್ಪು ಕಡಿಮೆ ಎಂದು ತಕರಾರು ಮಾಡುತ್ತಿದ್ದ. ಅವ್ವ ಬಾಗಿಲಲ್ಲೇ ಹೇಳಿದಳು, "ನೀ ಹುಟ್ಟಾ ಹಿಂಗ ಅಣ್ಣ. ಮುಂದ ಓಡತಿ, ಹಿಂದ ಯಾರದಾರ ತಿರುಗಿ ನೋಡೂದಿಲ್ಲ." ಅದೇ ಕೊನೆಯ ಮಾತು.

ನಮ್ಮ ಕಡೆ ನಾಗರಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣ ಬಂದು ಕರೆದೊಯ್ಯಬೇಕು, ತವರಲ್ಲಿ ಜೋಕಾಲಿ ಆಡಬೇಕು, ಉಂಡಿ ತಿನ್ನಬೇಕು. ಮೂರು ಪಂಚಮಿಗೆ ಮಾಮಾ ಬಂದ, ಮೂರು ಸಲವೂ ಅವ್ವ ಒಳಗಿನ ಕೋಣೆಯಿಂದ ಹೊರಗೆ ಬರಲಿಲ್ಲ. ಮಾಮಾ ಉಂಡಿಯ ಡಬ್ಬಿ ಇಟ್ಟು ಹೋಗುತ್ತಿದ್ದ. ಅಪ್ಪ ತಿನ್ನುತ್ತಿದ್ದ.

ಈಗ ನನ್ನ ತಪ್ಪಿಗೆ ಬರೋಣ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಒಂದು ದಿನ ಪಾಠದ ನಡುವೆ ಹುಡುಗಿಯೊಬ್ಬಳು ಡೆಸ್ಕಿನ ಕೆಳಗೆ ತನ್ನ ಮೆಚ್ಚಿನ ವಿಡಿಯೋ ಗೇಮಿನ ಪಾತ್ರಗಳನ್ನಿಟ್ಟು ತಾನೇ ಕಾಮಿಕ್ಸ್ ಬರೆಯುತ್ತಿದ್ದಳು. ಕಸಿದುಕೊಂಡೆ. ಅದು ಬ್ಯಾಗಿನಲ್ಲೇ ಉಳಿದು, ನಾನು ಮಾಮಾನ ಮನೆಗೆ ಹೋದಾಗ ಬ್ಯಾಡಗಿಗೆ ಬಂತು, ಅವನ ಕೈಗೆ ಸಿಕ್ಕಿತು.

"ಇದನ್ನ ಕಂಪನಿಯವ್ರು ಮಾಡ್ಯಾರೇನು?"

"ಅಲ್ಲ ಮಾಮಾ. ಆಟದ ಮ್ಯಾಲಿನ ಪ್ರೀತಿಗೆ ಹುಡುಗೂರು ತಾವ ಮಾಡತಾವ. ಆಟದಾಗ ಆಗದ್ದನ್ನ ಇದರಾಗ ಮಾಡಬಹುದು."

ಮಾಮಾ ಪುಟಗಳನ್ನು ಮತ್ತೆ ಮೊದಲಿನಿಂದ ಒಂದೊಂದಾಗಿ ತಿರುವಿದ. ಅವನು ನಿಧಾನ ಮಾಡಿದರೆ ನನಗೆ ಭಯ. "ಅಂದ್ರ ನೀಲವ್ವ ಕೋಟಿ ಮುಟ್ಟಬಹುದು?" ಎಂದ.

"ಮುಟ್ಟಬಹುದು."

"ಹಂಗಾರ ಈ ಪಂಚಮಿಗೆ ನಿಮ್ಮವ್ವ ಬರತಾಳ ಬಿಡು," ಎಂದು ಎದ್ದೇಬಿಟ್ಟ. ನನಗೆ ಕಂಡದ್ದು ಬೆನ್ನು.

ಹದಿನೈದು ದಿನಕ್ಕೆ ಮೊದಲ ಸಂಚಿಕೆ ಸಿದ್ಧವಾಯಿತು, ಗೋಣಿಚೀಲದ ಮೇಲೆ! ಈ ಮಹಾನುಭಾವನಿಗೆ ಅಚ್ಚು ಒತ್ತಿ ಗೊತ್ತಿದ್ದದ್ದು ಗೋಣಿಯ ಮೇಲೆ ಮಾತ್ರ. ಅರಿಷಿಣಪ್ಪನಿಗೊಂದು ತಗಡಿನ ಅಚ್ಚು, ನೀಲವ್ವನಿಗೊಂದು. ಚೌಕಚೌಕ ಮೈಯಾದ್ದರಿಂದ ಚೆನ್ನಾಗಿಯೇ ಮೂಡಿದ್ದರು. ಎಂಟು ಪುಟ, ಸುತಳಿಯ ಹೊಲಿಗೆ.

"ಮಾಮಾ, ಅರಿಷಿಣಪ್ಪ ಕೆಂಪಗ ಯಾಕದಾನ?"

"ಅಂಗಡ್ಯಾಗ ಕೆಂಪು, ನೀಲಿ ಎರಡ ಬಣ್ಣ ಇದ್ದೂ."

"ಹೆಸರು ಅರಿಷಿಣಪ್ಪ ಅಲ್ಲಾ?"

"ಮೂವತ್ತು ವರ್ಷ ಆತು ಓಡಾಕ ಹತ್ತಿ. ಕೆಂಪ ಆಗೂದಿಲ್ಲೇನು ಮನಷ್ಯಾ?"

ಆ ಸಾಹಿತ್ಯವನ್ನು ಹೊತ್ತು ಹಾವೇರಿಯ ಬಸ್ಸು ಹತ್ತಿದೆ. ಗೋಣಿಯಲ್ಲಿ ಮೆಣಸಿನಕಾಯಿ ಧೂಳು ಇನ್ನೂ ಜೀವಂತವಾಗಿತ್ತು. ಪುಟ ತಿರುವಿದಾಗಲೆಲ್ಲ ಸುತ್ತಲಿನ ನಾಲ್ಕು ಸೀಟು ಸೀನುತ್ತಿದ್ದವು. ಕಂಡಕ್ಟರು ಮೂಗಿಗೆ ಕರ್ಚೀಫು ಹಿಡಿದು, "ಅಕ್ಕಾರ, ಮಾಲು ಡಿಕ್ಕ್ಯಾಗ ಹಾಕ್ರಿ," ಎಂದ. ಕಾಮಿಕ್ಸ್ ರೀ ಎಂದೆ. ಅವನು ನನ್ನ ಮುಖ ನೋಡಿ ಮುಂದೆ ಹೋದ.

ಅವ್ವ ಅದನ್ನು ಹಿಂದೆ ಮುಂದೆ ನೋಡಿ, ಕೊಡವಿ, ಹೊಸ್ತಿಲ ಮುಂದೆ ಕಾಲೊರಸು ಮಾಡಿ ಹಾಸಿದಳು! ಮಾಮಾನಿಗೆ ಹೇಗೆ ಹೇಳಲಿ? ಆದರೆ ಅಪ್ಪ ಓದಿದ. ಹೊರಗಿನಿಂದ ಬಂದವನು ಕಾಲು ಒರೆಸುತ್ತ ಒರೆಸುತ್ತ ಮೊದಲ ಪುಟ ಮುಗಿಸಿ, ಬಗ್ಗಿ ಪುಟ ತಿರುವಿ, ಮತ್ತೆ ಕಾಲು ಒರೆಸಿದ. ಎಂಟು ಪುಟ ಮುಗಿಯುವ ಹೊತ್ತಿಗೆ ಪಾದ ಕನ್ನಡಿಯಾಗಿತ್ತು.

ಎರಡನೆಯ ಸಂಚಿಕೆ ಕಾಗದದ ಮೇಲೆ ಮಾಡು ಮಾಮಾ ಎಂದು ಕೈಮುಗಿದೆ. ಮಾಡಿದ. ಇದರಲ್ಲಿ ರಾಕ್ಷಸನ ಯುದ್ಧ. ನಾನು ಕುತೂಹಲದಿಂದ ತೆರೆದರೆ ಮೂರು ಪುಟದ ತುಂಬ ಒಂದು ಟವೆಲ್ಲು, ಅದರ ಒಂದು ಕಡೆ ಅರಿಷಿಣಪ್ಪ, ಇನ್ನೊಂದು ಕಡೆ ರಾಕ್ಷಸ.

"ಯುದ್ಧ ಎಲ್ಲೈತಿ ಮಾಮಾ?"

"ಟವೆಲ್ಲಿನ ಕೆಳಗ ನಡದೈತಿ."

ದನದ ಸಂತೆಯಲ್ಲಿ ದಲಾಲರು ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯವಹಾರ ಕುದುರಿಸುತ್ತಾರಲ್ಲ, ಹಾಗೆ! ಕೊನೆಗೆ ರಾಕ್ಷಸ, "ಹೋಗ್ಲಿ ಬಿಡ್ರಿ, ನಿಮ್ಮ ಮಾತೂ ಬ್ಯಾಡ, ನನ್ನ ಮಾತೂ ಬ್ಯಾಡ," ಎಂದು ದಾರಿ ಬಿಡುತ್ತಾನೆ. ಇಬ್ಬರೂ ಚಹಾ ಕುಡಿಯುತ್ತಾರೆ. "ರಾಕ್ಷಸನ್ನ ಕೊಲ್ಲಬೇಕಲ್ಲ ಮಾಮಾ?" ಎಂದರೆ, "ನಾಳೆ ಮತ್ತ ಅದ ದಾರ್ಯಾಗ ಹೋಗಬೇಕಲ್ಲವ್ವ," ಎಂದ.

ನನ್ನ ಗಣಿತದ ಕಣ್ಣಿಗೆ ಬೇರೊಂದು ಸಂಗತಿ ಬಿತ್ತು. ಎಲ್ಲ ಪುಟದಲ್ಲೂ ಅರಿಷಿಣಪ್ಪನ ಮುಖ ಬಲಕ್ಕೇ ಇದೆ. ಹಿಂದಿರುವ ನೀಲವ್ವನಿಗೆ ಅವನು ಮಾತಾಡುವಾಗಲೂ ಬಲಕ್ಕೇ ನೋಡುತ್ತಾನೆ. ಅವಳು ಅವನ ಬೆನ್ನಿಗೆ ಉತ್ತರ ಕೊಡುತ್ತಾಳೆ.

"ಅಚ್ಚು ತಿರುವಿ ಒತ್ತು ಮಾಮಾ, ಅವ ಹಿಂದ ನೋಡತಾನ. ಅಷ್ಟ."

ಮಾಮಾ ಹೌಹಾರಿದ. "ಅಚ್ಚು ತಿರುವೂದೇನು? ಏನ ಮಾತಾಡತಿ? ತಿರುವಿದ ಮಾರ್ಕಾ ಅಂದ್ರ ಏನು ಗೊತ್ತೈತೇನು ನಿನಗ?"

ಗೊತ್ತಿರಲಿಲ್ಲ. ಅವನ ಕೆಲಸದಲ್ಲಿ ಕಳುಹಿಸಿದ ಮಾಲು ಬೇಡವೆಂದು ವಾಪಸು ಬಂದರೆ, ಆ ಚೀಲದ ಮೇಲೆ ಅದೇ ಅಚ್ಚನ್ನು ತಿರುವಿ ಒತ್ತುತ್ತಾರಂತೆ. ಹೆಸರು ಉಲ್ಟಾ ಇದ್ದರೆ ಸೋತು ಬಂದ ಮಾಲು ಎಂದು ಮಾರ್ಕೆಟ್ಟಿಗೆಲ್ಲ ತಿಳಿಯುತ್ತದೆ. ಇಷ್ಟು ವರ್ಷದಲ್ಲಿ ತನ್ನ ಕೈಯಿಂದ ಒಂದೇ ಒಂದು ಚೀಲಕ್ಕೂ ತಿರುವಿದ ಮಾರ್ಕಾ ಬಿದ್ದಿಲ್ಲ ಎಂಬುದು ಮಾಮಾನ ಜಂಬ. ಹಾಗೇನಾದರೂ ಒತ್ತಬೇಕಾದರೆ ಬೇರೆಯವರನ್ನು ಕರೆಸುತ್ತಿದ್ದನಂತೆ.

"ಹಂಗಾರ ಅರಿಷಿಣಪ್ಪ ನೀಲವ್ವನ ಹತ್ರ ಹ್ಯಾಂಗ ಹೋಗಬೇಕು?"

"ಭೂಮಿ ದುಂಡಗೈತಿ," ಎಂದ ಮಾಮಾ.

ನಂಬಿ. ಮೂರನೆಯ ಸಂಚಿಕೆಯಲ್ಲಿ ಅರಿಷಿಣಪ್ಪ ಬಲಕ್ಕೇ ಓಡಿ ಓಡಿ ಭೂಮಂಡಲ ಸುತ್ತಿ ನೀಲವ್ವನ ಹಿಂದಿನಿಂದ ಬಂದ! ಇಪ್ಪತ್ತು ಪುಟ. ಮಾಮಾ ನೋಡಿದ ಜಗತ್ತು ಬ್ಯಾಡಗಿಯಿಂದ ರಾಣೆಬೆನ್ನೂರಿನವರೆಗೆ, ಹಾಗಾಗಿ ಜಪಾನಿನಲ್ಲಿ ಮೆಣಸಿನಕಾಯಿಯ ಕೋಲ್ಡ್ ಸ್ಟೋರೇಜು ಇತ್ತು, ಅಮೆರಿಕದಲ್ಲಿ ಹಮಾಲರು ಬೀಡಿ ಸೇದುತ್ತಿದ್ದರು. ಅರಿಷಿಣಪ್ಪ ಅಟ್ಲಾಂಟಿಕ್ ಸಾಗರವನ್ನು ನಮ್ಮ ಹೊಳೆದಂಡೆಯ ಮೇಡ್ಲೇರಿಯ ಹತ್ತಿರ ದಾಟಿದ, ನೀರು ಮೊಣಕಾಲಿನವರೆಗೆ ಬಂದಿತ್ತು.

ಬ್ಯಾಡಗಿಯವರು ಕಂಡರೆ ನಗುತ್ತಾರೆಂದು ಮುದ್ರಣಕ್ಕೆ ರಾಣೆಬೆನ್ನೂರಿಗೆ ಹೋದೆವು. ಅಂದರೆ ಮಾಮಾ ಹೋದ, ನಾನು ಹಿಂದಿನಿಂದ ಹುಡುಕಿಕೊಂಡು ಹೋದೆ. ಪ್ರೆಸ್ಸಿನವನು ಜನ್ಮದಲ್ಲಿ ಲಗ್ನಪತ್ರಿಕೆ ಬಿಟ್ಟು ಬೇರೇನೂ ಮಾಡಿದವನಲ್ಲ. ಪ್ರತಿ ತಂದುಕೊಟ್ಟ. ಮೊದಲ ಪುಟದ ನೆತ್ತಿಯಲ್ಲಿ ಗಣಪತಿ, ಕೊನೆಯ ಪುಟದ ಬುಡದಲ್ಲಿ "ತಮ್ಮ ಸುಖಾಗಮನ ಬಯಸುವ" ಎಂದು ಮಾಮಾನ ಹೆಸರು!

"ಇದನ್ಯಾಕ ಹಾಕೀರಿ?" ಎಂದು ಸಿಟ್ಟಾದೆ.

"ಎರಡು ಮುಖ ಅದಾವ, ಒಂದ ಗಂಡು ಒಂದ ಹೆಣ್ಣು. ಮದುವಿ ಅನ್ಕೊಂಡೆ ರೀ," ಎಂದ ಪ್ರೆಸ್ಸಿನವನು.

"ಅಣ್ಣ ತಂಗಿ ಅವರು!" ಎಂದು ನಾನು ಕಿರುಚುವಷ್ಟರಲ್ಲಿ ಮಾಮಾ ತಡೆದ. "ಗಣಪತಿ ಇರಲಿ. ಕೆಳಗಿಂದೂ ಇರಲಿ. ಖರೇನ ಬರದಾನ."

ಆ ಪ್ರತಿಯನ್ನು ಹಾವೇರಿಗೆ ತಂದು ಟಿವಿಯ ಮೇಲಿಟ್ಟೆ. ಎರಡು ದಿನ ಅಲ್ಲೇ ಇತ್ತು. ಮೂರನೆಯ ದಿನ ಅವ್ವ ರೊಟ್ಟಿ ಬಡಿಯುತ್ತ, ನನ್ನ ಕಡೆ ನೋಡದೆ ಹೇಳಿದಳು, "ಆಟದ ಮೂರನೇ ಮಟ್ಟದಾಗ ಸೇತುವಿ ಇದ್ದಿಲ್ಲ. ಬಾವಿ ಇತ್ತು. ನಿಮ್ಮ ಮಾಮಾಗ ಹೇಳು."

ಫೋನು ಹಚ್ಚಿ ಹೇಳಿದೆ. "ಓದ್ಯಾಳೇನು?" ಎಂದಷ್ಟೇ ಕೇಳಿದ, ದನಿ ಸಣ್ಣದಾಗಿತ್ತು.

"ಇನ್ನೊಂದ ಹೇಳು," ಎಂದಳು ಅವ್ವ, ರೊಟ್ಟಿ ತಿರುವುತ್ತ. "ಭೂಮಿ ಸುತ್ತಿ ಬಂದ್ರ ತಿರುಗಿ ನೋಡಿದಂಗಲ್ಲ. ಹಿಂದಿಂದ ಬಂದು ಮತ್ತ ಮುಂದ ಹೋಗ್ಯಾನ ಮಂಗ್ಯಾ."

ನಾನು ಪುಟ ತೆಗೆದು ನೋಡಿದೆ. ಖರೆ! ಓಟದ ಭರದಲ್ಲಿ ಅರಿಷಿಣಪ್ಪ ನೀಲವ್ವನನ್ನು ದಾಟಿ ಎರಡನೆಯ ಸುತ್ತಿಗೆ ಹೊರಟುಬಿಟ್ಟಿದ್ದ. ಬಲಕ್ಕೇ ಓಡುವವನಿಗೆ ನಿಲ್ಲುವುದಾದರೂ ಹೇಗೆ? ಇದನ್ನೂ ಮಾಮಾನಿಗೆ ಹೇಳಿದೆ. ಆಮೇಲೆ ಪಂಚಮಿಯವರೆಗೆ ಅವನ ಫೋನಿಲ್ಲ. ಅತ್ತೆ ಮಾತ್ರ ಒಮ್ಮೆ, "ಅಚ್ಚು ಕೈಯಾಗ ಹಿಡ್ಕೊಂಡು ಕುಂದರತಾರ, ಕೆಳಗ ಇಡತಾರ. ಊಟಾನೂ ನಿಧಾನ ಮಾಡಾಕತ್ತಾರ, ನನಗ ಹೆದರಿಕಿ ಬರಾಕತ್ತೈತಿ," ಎಂದಳು.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ಮಾಮಾ ಬಂದ. ಒಂದು ಕೈಯಲ್ಲಿ ಉಂಡಿಯ ಡಬ್ಬಿ, ಇನ್ನೊಂದರಲ್ಲಿ ಒಂದೇ ಒಂದು ಪುಟ. ಒಳಗೆ ಬರಲಿಲ್ಲ, ಹೊಸ್ತಿಲ ಹೊರಗೆ ತನ್ನದೇ ಮೊದಲ ಸಂಚಿಕೆಯ ಮೇಲೆ ನಿಂತ. ಕೆಳಗೆ ನೋಡಿ, "ಇಲ್ಲೈತೇನು ಇದು," ಎಂದು ಚಪ್ಪಲಿ ಬಿಚ್ಚಿದ. ಅಪ್ಪ ಉಂಡಿಯ ಡಬ್ಬಿಯನ್ನು ಮಾತ್ರ ನೋಡುತ್ತಿದ್ದ.

ಪುಟವನ್ನು ನಾನು ಒಳಗೆ ಒಯ್ದು ಅವ್ವನಿಗೆ ಕೊಟ್ಟೆ. ಅದರಲ್ಲಿ ಕೋಟೆಯಿಲ್ಲ, ಮಾತಿಲ್ಲ. ಎಡದಲ್ಲಿ ನೀಲವ್ವ. ಬಲದಲ್ಲಿ ಅರಿಷಿಣಪ್ಪ, ಮುಖ ಎಡಕ್ಕೆ. ತಿರುವಿದ ತಗಡು ಸರಿಯಾಗಿ ಕೂತಿರಲಿಲ್ಲ, ಅಂಚಿನಲ್ಲಿ ಬಣ್ಣ ಹರಡಿತ್ತು. ಹೊಸಬರು ಒತ್ತಿದ ಹಾಗಿತ್ತು.

ಅವ್ವ ಪುಟ ಹಿಡಿದು ಬಾಗಿಲಿಗೆ ಬಂದಳು. "ಮಾರ್ಕಾ ತಿರುವಿ ಹಾಕೀಯಲ್ಲಣ್ಣ," ಎಂದಳು. ಅವಳೂ ಮಾರ್ಕಾ ಹಾಕುವ ಅದೇ ಮನೆಯಲ್ಲಿ ಬೆಳೆದವಳು, ಅರ್ಥ ಗೊತ್ತು.

"ಹೂಂ. ಮಾಲು ವಾಪಸ್ ಬಂದೈತವ್ವ," ಎಂದ ಮಾಮಾ.

ಅವ್ವ ಪುಟದ ನೀಲವ್ವನ ಮೇಲೆ ಬೆರಳಿಟ್ಟಳು. "ಆಟದಾಗ ನನಗ ಕೊಟ್ಟ ಎರಡನೇ ರಿಮೋಟಿನ ಗುಂಡಿ ಏಳತಿದ್ದಿಲ್ಲ," ಎಂದಳು ಅವ್ವ. "ನೀಲವ್ವ ಹಾರಾಕ ಆಗತಿದ್ದಿಲ್ಲ. ನಿನಗ ಗೊತ್ತಿತ್ತು."

"ಗೊತ್ತಿತ್ತವ್ವ. ಹುಬ್ಬಳ್ಳ್ಯಾಗ ನೀ ಒಬ್ಬಾಕಿನ ಇದ್ದಿ ಅಂತನೂ ಗೊತ್ತಿತ್ತು. ಬರಬೇಕಿತ್ತು ನಾ."

ಅವ್ವ ಸೀರೆ ಬದಲಿಸಲು ಒಳಗೆ ಹೋದಳು.

ಬಸ್‌ಸ್ಟ್ಯಾಂಡಿನಲ್ಲಿ ಬ್ಯಾಡಗಿಯ ಬಸ್ಸು ಹೊರಡಲು ಗುರ್ರೆನ್ನುತ್ತಿತ್ತು. ಹಳೆಯ ಚಾಳಿ ಎಲ್ಲಿ ಹೋಗುತ್ತದೆ? ಮಾಮಾ ಟವೆಲ್ಲು ಎಳೆದುಕೊಂಡು ಓಡಿದ. ಬಾಗಿಲಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟ. ಅಷ್ಟರಲ್ಲಿ ಏನು ನೆನಪಾಯಿತೋ, ನಿಂತ. ಅವ್ವನಿಗೆ ಮೊಣಕಾಲು ನೋವು, ಇಪ್ಪತ್ತು ಹೆಜ್ಜೆ ಹಿಂದೆ ಮೆಲ್ಲಗೆ ಬರುತ್ತಿದ್ದಳು. ಕಂಡಕ್ಟರು ಹತ್ತುತ್ತೀರೋ ಇಲ್ಲವೋ ಎಂದು ಗದರಿದ. ಮಾಮಾ ಕಾಲು ಕೆಳಗಿಳಿಸಿದ. ಬಸ್ಸು ಹೋಯಿತು. ಮಾಮಾ ಹೋಗಲಿಲ್ಲ. ಟವೆಲ್ಲು ಕೈಯಲ್ಲಿ ಹಿಡಿದು ನಮ್ಮ ಕಡೆ ತಿರುಗಿ ನಿಂತಿದ್ದ.

"ಬಸ್ ಹೋತಲ್ಲಣ್ಣ," ಎಂದಳು ಅವ್ವ, ಹತ್ತಿರ ಬಂದು.

"ಹೋಗ್ಲಿ ಬಿಡು. ಹಿಂದ ಇನ್ನೊಂದು ಬರತೈತಿ."

ಅವ್ವ ನಕ್ಕಳು. ಅವನೂ ನಕ್ಕ. ಮಾಮಾನ ಮುಖ ಹೇಗಿದೆ ಎಂದು ಈಗ ಕೇಳಿ, ಹೇಳುತ್ತೇನೆ. ಥೇಟು ನಮ್ಮವ್ವನ ಮುಖ.